ಮಾಸ್ಟರ್ ಬೆಡ್‌ರೂಮಿನ ಬಚ್ಚಲ ತಿಕ್ಕೋರು ಯಾರ್ರಿ?

ಈ ಬ್ಯಾಸಗಿಯೊಳಗ ಮೂರು ವಾಸ್ತುಶಾಂತಿ ಊಟಾ ಆತು. ಮೂರೂ ಸ್ವಂತ ಪ್ಲಾಟ್ ತಗೊಂಡು, ಎಂಜಿನಿಯರ್ ಕಡೆ ನಕಾಶೆ ಬರೆಸಿ, ತಮಗ ಬೇಕಾದಂಗ ಹೇಳಿ ಕಟ್ಟಿಸಿದ ಮನಿ. ಮೂರೂ ಕಡೆ ದೇವರ ಮನಿಗಿಂತ ಮೊದಲ ತೋರಿಸಿದ್ದು ಮಾಸ್ಟರ್ ಬೆಡ್‌ರೂಮು ಮತ್ತ ಅದರ ಬಾಥ್‌ರೂಮು. ಮ್ಯಾಲೆ ಪಿಒಪಿ ಸೀಲಿಂಗು, ಅದರೊಳಗ ನೀಲಿ ಲೈಟು, ಹಾಸಿಗಿ ಹಿಂದ ಮೆತ್ತನ್ನ ಗ್ವಾಡಿ, ಬಚ್ಚಲಕ್ಕ ಗಾಜಿನ ಗ್ವಾಡಿ, ಕರೇ ಬಣ್ಣದ ನಳ. ಒಂದು ಮನ್ಯಾಗಂತೂ ಕಾಲು ಚಾಚಿ ಮಲಗೋ ಅಂಥಾ ಬಿಳೇ ಟಬ್ಬು. ಬಂದವ್ರೆಲ್ಲಾ ಮೊಬೈಲ್ ತಗದು ಫೋಟೋ ಹೊಡ್ಕೊಂಡ್ರು. ನಾ ಮಾತ್ರ ಕಿಡಕಿ ಎಲ್ಲದ ಅಂತ ಹುಡಕ್ಲಿಕತ್ತಿದ್ದೆ.

ಛಂದ ಇರಬಾರದು ಅಂತ ನಾ ಹೇಳಂಗಿಲ್ರಿ. ಜೀವಮಾನ ಎಲ್ಲಾ ಬಾಡಗಿ ಮನ್ಯಾಗ ಕಳದು, ಇದ್ದಬಿದ್ದ ರೊಕ್ಕಾ ಕೂಡಿಸಿ, ಮ್ಯಾಲೆ ಬ್ಯಾಂಕಿನ ಸಾಲಾ ಮಾಡಿ ಕಟ್ಟಿಸಿದವ್ರು ನಾಕ ಮಂದಿ ಹೊಗಳಲಿ ಅಂದ್ರ ತಪ್ಪೇನದ? ಆದರ ಈ ಎರಡು ಖೋಲಿ ಹೆಂಗಿರಬೇಕು ಅಂತ ಠರಾಯಿಸೋ ಹೊತ್ತಿಗೆ ನಕಾಶೆ ಮುಂದ ಕೂತೋರು ಯಾರು? ಯಜಮಾನ್ರು, ಎಂಜಿನಿಯರು, ವಾಸ್ತು ಹೇಳಾವ್ರು, ಆಮ್ಯಾಲೆ ಟೈಲ್ಸ್ ಅಂಗಡಿಯವ್ರು. ಆ ಬಚ್ಚಲ ದಿನಾ ತಿಕ್ಕಾಕಿ, ಆ ಖೋಲಿಯೊಳಗ ಮುಂದ ಮುದುಕಿ ಆಗಾಕಿ ಇಬ್ಬರೂ ಒಬ್ಬಾಕಿನ, ಆಕಿನ್ನ ಕೇಳೋದು ಕಡೀಕ. ಅದೂ ಏನಂತ? ‘ಮ್ಯಾಡಂ, ಬಣ್ಣ ಯಾವ್ದು ಹೇಳ್ರಿ.’ ಬಾಗ್ಲಾ ಎತ್ತಾಗ ತಗೀಬೇಕು, ಕಿಡಕಿ ಎಷ್ಟಿರಬೇಕು, ನೀರು ಎಲ್ಲಿಗೆ ಹರೀಬೇಕು ಅನ್ನೋದೆಲ್ಲಾ ಅಷ್ಟೊತ್ತಿಗೆ ಸಿಮೆಂಟಿನ್ಯಾಗ ಗಟ್ಟಿ ಆಗಿರ್ತದ. ಬಣ್ಣ ಐದು ವರ್ಷಕ್ಕ ಬದಲ್ ಮಾಡಬಹುದು. ಇಳಿಜಾರು ಬದಲ್ ಮಾಡಬೇಕಂದ್ರ ಫರ್ಶಿ ಎಲ್ಲಾ ಒಡೀಬೇಕು.

ಹಳೇದೆಲ್ಲಾ ಛಲೋ ಇತ್ತು ಅಂತ ಹಾಡೋ ಪೈಕಿನೂ ನಾನಲ್ಲ. ನಮ್ಮ ತವರುಮನಿ ಬಚ್ಚಲಕ್ಕ ಶಹಾಬಾದ ಫರ್ಶಿ, ಮೂಲ್ಯಾಗ ತಾಮ್ರದ ಹಂಡೆ, ಕೆಳಗ ಉರಿ. ಕೇಳಾಕ ಛಂದ ಅನಸ್ತದ. ಆದರ ಸಂಡಾಸ ಇದ್ದದ್ದು ಹಿತ್ತಲದ ಕಡೀ ತುದಿಗೆ. ಆಷಾಢದ ಮಳಿಯೊಳಗ ನಡುರಾತ್ರಿ ಕಂದೀಲು ಹಿಡಕೊಂಡು, ತಲಿ ಮ್ಯಾಲೆ ಗೊಂಗಡಿ ಹಾಕ್ಕೊಂಡು ಹೋಗೋದು ಅಂದ್ರ ಏನಂತ ಹೋದವ್ರಿಗೇ ಗೊತ್ತು. ಬಸುರಿದ್ದಾಗ ಸಂಜಿ ಮುಂದ ನೀರು ಕುಡಿಯೋದು ಬಿಟ್ಟವ್ರು ಎಷ್ಟ ಮಂದಿ ಇದ್ರೋ. ಮಲಗೋ ಖೋಲಿಗೆ ಹತ್ತಿದ ಬಚ್ಚಲ ಅನ್ನೋದು ಹೆಣ್ಮಕ್ಕಳ ಪಾಲಿಗೆ ದೊಡ್ಡ ಉಪಕಾರ ಆಗೇದ. ಅದಕ್ಕ ಅದನ್ನ ಫೋಟೋದ ಸಾಮಾನು ಮಾಡಿದ್ರ ನನಗ ಸಿಟ್ಟು ಬರ್ತದ.

ನಮ್ಮ ಅತ್ತಿಯವ್ರ ಸುದ್ದಿ ಹೇಳ್ತೀನಿ ಕೇಳ್ರಿ. ಆವಾಗ ನಾವು ಬಾಡಗಿ ಮನ್ಯಾಗ ಇದ್ವಿ, ಅವರಿಗೆ 78 ವಯಸ್ಸು. ಮುಂಜಾನೆ ಐದಕ್ಕ ಎದ್ದು ಸ್ನಾನಕ್ಕ ಹೋದೋರು ಜಾರಿ ಬಿದ್ರು. ಬಾಗ್ಲಾ ಒಳಗ ತಗಿಯೋದು, ಅವರು ಬಿದ್ದದ್ದು ಸರಿಯಾಗಿ ಬಾಗಲದ ಹಿಂದ. ನಮ್ಮ ಮನೆಯವ್ರು ಚಿಲಕಾನ ಮುರದ್ರು, ಆದರ ಬಾಗ್ಲಾ ದೂಡೋ ಹಂಗಿಲ್ಲ. ದೂಡಿದ್ರ ಅದು ಅವರ ಸೊಂಟಕ್ಕ ಒತ್ತತದ, ಅವರು ಚೀರ್ತಾರ. ಕಡೀಕ ಬಾಜೂ ಮನಿ ಹುಡುಗ ಹಿತ್ತಲದಾಗಿಂದ ನಿಚ್ಚಣಿಕಿ ಹಚ್ಚಿ, ಗಾಳಿ ಕಿಡಕಿಯ ಗಾಜಿನ ಪಟ್ಟಿ ಒಂದೊಂದ ಬಿಚ್ಚಿ ಒಳಗ ಇಳದು, ಅವರನ್ನ ಮೆಲ್ಲಕ ಈಚೆ ಸರಿಸಿದ ಮ್ಯಾಲೆ ಬಾಗ್ಲಾ ತಗೀತು. ಅಷ್ಟೊತ್ತಿಗೆ ಮುಕ್ಕಾಲು ತಾಸು ಆಗಿತ್ತು. ಒದ್ದಿ ಫರ್ಶಿ ಮ್ಯಾಲೆ ಮುಕ್ಕಾಲು ತಾಸು. ತೊಡಿ ಎಲುಬು ಮುರದಿತ್ತು. ಆಪರೇಶನ್ ಆಗಿ ಮನಿಗೆ ಬಂದ್ರು ಖರೇ, ಆದರ ಆ ಮ್ಯಾಲೆ ಇದ್ದ ಮೂರು ವರ್ಷದಾಗ ತಮ್ಮಷ್ಟಕ್ಕ ತಾವು ಒಂದ ದಿವಸನೂ ಬಚ್ಚಲಕ್ಕ ಹೋಗಲಿಲ್ಲ. ವಾಕರ್ ಆ ಬಾಗಲದಾಗ ಹಿಡೀಲಿಲ್ರಿ. ಎರಡೂವರಿ ಅಡಿ ಬಾಗ್ಲಾ ಅಂತ ಹೇಳೋದು. ಚೌಕಟ್ಟು ಕಳದು, ತಗದ ಬಾಗಲದ ದಪ್ಪ ಕಳದು, ಕೈಗೆ ಸಿಗೋದು ಎರಡ ಅಡಿ ಮ್ಯಾಲೆ ಚೂರು. ಮಡಿ-ಮೈಲಿಗಿ ಅಂತ ಜೀವ ಬಿಡ್ತಿದ್ದಾಕಿ, ನನ್ನ ಕೈ ಹಿಡಕೊಂಡು ಅಡ್ಡಡ್ಡ ಹೆಜ್ಜಿ ಇಡ್ತ ಹೋಗೋವಾಗ ಮಾರಿ ಆಚೆ ಹೊಳ್ಳಸ್ತಿದ್ರು.

ಈಗ ನಾ ನೋಡಿದ ಮೂರೂ ಹೊಸಾ ಮನ್ಯಾಗ ಬಾಗ್ಲಾ ಒಳಗ ತಗಿಯೋದು. ‘ಹೊರಗ ತಗದ್ರ ವಾರ್ಡ್‌ರೋಬಿಗೆ ಬಡೀತದ ಅಕ್ಕಾರ’ ಅಂದ್ರು. ಹಂಗಾರ ವಾರ್ಡ್‌ರೋಬು ಅರ್ಧ ಅಡಿ ಸರಿಸ್ರಿ, ಇಲ್ಲಾ ಸರಕೋ ಬಾಗ್ಲಾ ಹಾಕಸ್ರಿ! ಹೊರಗಿಂದ ರೂಪಾಯಿ ನಾಣ್ಯ ಹಾಕಿ ತಿರುವಿದ್ರ ತಗಿಯೋ ಚಿಲಕ ಬರ್ತಾವ, ಬಂಗಾರದ ಬಣ್ಣದ ನಳಕ್ಕ ಕೊಡೋ ರೊಕ್ಕದಾಗ ಅಂಥಾವು ಹತ್ತು ಬರ್ತಾವ. ಸಾರ್ವಜನಿಕ ಕಟ್ಟಡದಾಗ ವ್ಹೀಲ್‌ಚೇರಿನವ್ರಿಗೆ 900 ಮಿಲಿಮೀಟರ್ ಬಾಗ್ಲಾ ಬಿಡಬೇಕಂತ ಸರ್ಕಾರದ ಮಾರ್ಗಸೂಚಿ ಹೇಳ್ತದ, ಅಂದ್ರ ಹತ್ರ ಹತ್ರ ಮೂರು ಅಡಿ. ನಮ್ಮ ಸ್ವಂತ ಮನ್ಯಾಗ ನಮಗ ನಾವ ಅಷ್ಟು ಬಿಟ್ಕೋಬಾರದೇನು?

ಇನ್ನ ಕಿಡಕಿ. ಎರಡು ಮನ್ಯಾಗ ಬಚ್ಚಲಕ್ಕ ಕಿಡಕಿನ ಇಲ್ಲ, ಎಗ್ಸಾಸ್ಟ್ ಫ್ಯಾನ್ ಅದ ಅಂತ. ಕರೆಂಟ್ ಹೋದ್ರ ಫ್ಯಾನ್ ಎಲ್ಲಿ ತಿರಗತದ? ತಿರಗಿದ್ರೂ ಹೊಸಾ ಗಾಳಿ ಎಲ್ಲಿಂದ ಒಳಗ ಬರಬೇಕು? ಬಾಗಲದ ಕೆಳಗ ಸಂದಿ ಸೈತ ಬಿಟ್ಟಿಲ್ಲ. ಅದರಾಗೊಬ್ರು ಗ್ಯಾಸ್ ಗೀಝರ್ ಒಳಗ ಹಾಕಸ್ಯಾರ. ಇದು ಹುಡುಗಾಟ ಅಲ್ರಿ. ಗಾಳಿ ಸಾಲದ ಜಾಗದಾಗ ಗ್ಯಾಸ್ ಉರದ್ರ ಕಾರ್ಬನ್ ಮೊನಾಕ್ಸೈಡ್ ಹುಟ್ಟತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ತಲಿ ಚಕ್ಕರ್ ಬಂದಂಗ ಆಗಿ ಅಲ್ಲೇ ಕುಸೀತಾರ. ಸ್ನಾನಕ್ಕ ಹೋದೋರು ಹೊರಗ ಬರಲಿಲ್ಲ ಅಂತ ಚಳಿಗಾಲದಾಗ ಪೇಪರಿನ್ಯಾಗ ಓದ್ತೀವಲ್ಲ, ಅದು ಇದ. ಗ್ಯಾಸ್ ಗೀಝರ್ ಬೇಕಂದ್ರ ಬಚ್ಚಲದ ಹೊರಗಿನ ಗ್ವಾಡಿಗೆ ಹಾಕಿಸಿ ಪೈಪು ಒಳಗ ತರ್ರಿ. ಇಷ್ಟು ಹೇಳಿದ್ದಕ್ಕ ಆ ಮನಿ ಯಜಮಾನ್ರು ‘ಹೊರಗ ಎಲಿವೇಶನ್ ಕೆಡತದ’ ಅಂದ್ರು. ಎಲಿವೇಶನ್ ಅಂದ್ರ ರಸ್ತಾದಾಗ ನಿಂತವ್ರಿಗೆ ಮನಿ ಕಾಣೋ ಮಾರಿ.

ವಾಸ್ತು ಬಗ್ಗೆ ಮಾತಾಡಿದ್ರ ಭಾಳ ಮಂದಿ ನನ್ನ ಮ್ಯಾಲೆ ಬರ್ತಾರ, ಬರಲಿ. ಮಾಸ್ಟರ್ ಬೆಡ್‌ರೂಮು ಕುಬೇರ ಮೂಲ್ಯಾಗ, ಅಂದ್ರ ನೈಋತ್ಯದಾಗ ಇರಬೇಕಂತ ಹಟ ಹಿಡೀತಾರ. ಕುಬೇರ ಉತ್ತರ ದಿಕ್ಕಿನ ಒಡೆಯ, ನೈಋತ್ಯದ್ದು ನಿರೃತಿ. ಅವನ ಹೆಸರು ಇಲ್ಲಿಗೆ ಹೆಂಗ ಬಂತೋ ಆ ದೇವರಿಗೇ ಗೊತ್ತು. ಅದು ಹೋಗ್ಲಿ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಲು ಬಡಿಯೋದು ಅದ ಮೂಲಿಗೆ. ಸಂಜಿತನಾ ಕಾದ ಗ್ವಾಡಿ ರಾತ್ರಿ ಎಲ್ಲಾ ಕಾವು ಬಿಡತದ, ನೀವು ಹಾಸಿಗ್ಯಾಗ ಹೊಳ್ಳಾಡ್ತೀರಿ. ಮುಂಗಾರು ಮಳಿ ಗಾಳಿ ಹೊಡಿಯೋದೂ ಅದ ದಿಕ್ಕಿನಿಂದ, ಗ್ವಾಡಿ ನೀರು ಕುಡೀತದ. ನಂಬಿಕಿ ಬಿಡ್ರಿ ಅಂತ ನಾ ಹೇಳಂಗಿಲ್ಲ. ಅಲ್ಲೇ ಕಟ್ಟಸ್ರಿ, ಆದರ ಪಶ್ಚಿಮದ ಕಿಡಕಿಗೆ ಎರಡ ಅಡಿ ಸಜ್ಜಾ ಬಿಡಸ್ರಿ, ಎದುರು ಬದರು ಎರಡು ಕಿಡಕಿ ಇಡಸ್ರಿ, ಜಾಗಾ ಇದ್ರ ಹೊರಗೊಂದು ಬೇವಿನ ಗಿಡ ಹಚ್ರಿ. ಆ ಮೂರು ಮನ್ಯಾಗ ಮಾಡಿದ್ದೇನು? ಕಿಡಕಿ ಸಣ್ಣದು ಮಾಡಿ ಎಸಿ ಹಾಕಿಸಿದ್ರು.

ಗಾಜಿನ ಗ್ವಾಡಿಗೆ ಬರ್ತೀನಿ. ಇದನ್ನ ಕಂಡುಹಿಡದವ್ರು ಬೋರ್‌ವೆಲ್ ನೀರಿನ ಊರಾಗ ಒಂದ ವಾರ ಇದ್ದು ಹೋಗಬೇಕಿತ್ತು. ಗಡಸು ನೀರಿನ ಹನಿ ಒಣಗಿದಲ್ಲೆಲ್ಲಾ ಬಿಳೇ ಕಲಿ. ಕರೇ ನಳದ ಮ್ಯಾಲೆ ಅದು ಇನ್ನೂ ಎದ್ದು ಕಾಣತದ. ದಿನಾ ಸ್ನಾನ ಆದ ಮ್ಯಾಲೆ ರಬ್ಬರ್ ಪಟ್ಟಿ ತಗೊಂಡು ಒರಸಬೇಕು. ಯಜಮಾನ್ರು ಒರಸ್ತಾರೇನು? ಆ ಕಲಿ ಹೋಗ್ಲಿಕ್ಕೆ ಲಿಂಬಿಹಣ್ಣು, ವಿನೆಗರ್, ಏನರೆ ಹುಳಿ ಬೇಕು. ಆ ಹುಳಿ ಕೆಳಗ ಹಾಸಿದ ಮಾರ್ಬಲ್ ಮ್ಯಾಲೆ ಬಿತ್ತಂದ್ರ ಮಾರ್ಬಲ್ಲನ್ನೂ ತಿಂತದ. ಕಲಿ ಆಗಿದ್ದೂ ಸುಣ್ಣದ ಅಂಶದಿಂದ, ಮಾರ್ಬಲ್ ಆಗಿದ್ದೂ ಸುಣ್ಣದ ಅಂಶದಿಂದ. ಹೊಳಪು ಹೋಗಿ ಅಲ್ಲಲ್ಲೆ ಮಬ್ಬು ಚಟ್ಟು ಬೀಳ್ತಾವ. ಬೇಸತ್ತು ಅಂಗಡಿ ಆ್ಯಸಿಡ್ ಸುರದ್ರ ಟೈಲ್ಸ್ ಸಂದಿಯ ಸಿಮೆಂಟೂ ಕರಗತದ, ಅಲ್ಲಿಂದ ನೀರು ಕೆಳಗ ಇಳೀತದ, ಎರಡು ಮಳಿಗಾಲಕ್ಕ ಕೆಳಗಿನ ಪಡಸಾಲಿ ಛತ್ತಿನ್ಯಾಗ ಹಳದಿ ಕಲಿ. ಒಲ್ಲದವ್ರಿಗೆ ಒಂದು ಪ್ಲಾಸ್ಟಿಕ್ ಪಡದೆ ಸಾಕು, ಕೊಳೆ ಆದ್ರ ಒಕ್ಕೊಂಡು ಹಾಕಬಹುದು. ಗ್ವಾಡಿಗೆ ತೂಗಹಾಕೋ ಕಮೋಡಿಗೆ ಮಾತ್ರ ನಾ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಅದರ ಕೆಳಗ ಕಸಬರಗಿ ಆಡತದ, ಮತ್ತ ಎತ್ತರ ನಮ್ಮ ಮೊಣಕಾಲಿಗೆ ತಕ್ಕಂಗ ಇಡಿಸಬಹುದು. 15 ಇಂಚಿನ ಕಮೋಡಿನಿಂದ ಏಳೋದಕ್ಕೂ 18 ಇಂಚಿನಿಂದ ಏಳೋದಕ್ಕೂ ಎಷ್ಟು ಫರಕು ಅಂತ ಮೊಣಕಾಲು ನೋವಿದ್ದವ್ರನ್ನ ಕೇಳ್ರಿ.

ಟಬ್ಬಿನ ಬಗ್ಗೆ ಎರಡ ಮಾತು. ಒಂದು ಸರ್ತೆ ತುಂಬಲಿಕ್ಕೆ 150-200 ಲೀಟರ್. ಬಕೀಟು-ತಂಬಗಿ ಸ್ನಾನಕ್ಕ 20 ಲೀಟರ್ ಭಾಳಾತು. ಸವದತ್ತಿಯಿಂದ ಮಲಪ್ರಭಾ ನೀರು ಎತ್ತಿ ತರೋ ಊರು ನಮ್ದು. 2008ರಿಂದ ಕೆಲವು ವಾರ್ಡಿಗೆ 24 ತಾಸು ನೀರು ಬಂತು, ಉಳಿದ ಓಣಿಯವ್ರು ವಾರಕ್ಕೊಮ್ಮೆ ನಳ ಬರೋ ದಿನಾ ಕಾಯ್ಕೋತ ಎಷ್ಟು ವರ್ಷ ಕಳದೀವಿ ಅನ್ನೋದು ಇಷ್ಟು ಲಗೂ ಮರತು ಹೋತೇನು? ಆ ಟಬ್ಬಿನ್ಯಾಗ ಆರು ತಿಂಗಳಾದ ಮ್ಯಾಲೆ ಒಗಿಯೋ ಅರಬಿ ಇರ್ತಾವ, ನೀವ ನೋಡ್ರಿ ಬೇಕಾದ್ರ.

ಮಲಗೋ ಖೋಲಿ ದೊಡ್ಡದಿರಬೇಕಂತನೂ ಏನಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಖೋಲಿಗೆ ಕನಿಷ್ಠ 9.5 ಚದರ ಮೀಟರ್, ಸಂಡಾಸ-ಬಚ್ಚಲ ಕೂಡಿದ್ದಕ್ಕ 2.8 ಚದರ ಮೀಟರ್, ಅಂದ್ರ ನೂರ್ಯಾಡ್ ಚದರ ಅಡಿ ಮತ್ತ ಮೂವತ್ತು ಚದರ ಅಡಿ. ತ್ರಾಸು ಬರೋದು ಲೆಕ್ಕ ಹಾಕದ ಸಾಮಾನು ತಂದಾಗ. 10×12 ಖೋಲ್ಯಾಗ ಆರೂವರಿ ಅಡಿ ಉದ್ದದ ಮಂಚ, ತಲಿಗೆ ಅರ್ಧ ಅಡಿ ಮೆತ್ತನ್ನ ಗ್ವಾಡಿ, ಎದುರಿಗೆ ಎರಡ ಅಡಿ ವಾರ್ಡ್‌ರೋಬು. ಉಳೀತು ಒಂದ ಅಡಿ. ಅಲ್ಲಿ ನಿಂತು ಬಾಗ್ಲಾ ತಗದು ಸೀರಿ ತಗೀರಿ ನೋಡೋಣ. ಆ ವಾರ್ಡ್‌ರೋಬು ಬಚ್ಚಲದ ಗ್ವಾಡಿಗೇ ಹತ್ತಿಸಿರ್ತಾರ, ಒಳಗಿನ ಹಸಿ ಎಳದು ಮಗಳ ಮದುವಿಗೆ ತಂದ ಇಳಕಲ್ ಸೀರಿಗೆ ಬೂಸರು. ಪಿಒಪಿ ಸೀಲಿಂಗಿನ ಗಾಡದಾಗ ಕೂಡೋ ಧೂಳು, ಜಾಡು ಯಾರು ಏರಿ ತಗಿಯಬೇಕು ಅಂತ ಕೇಳಿದ್ರ ಎಲ್ಲಾರೂ ನಗ್ತಾರ. ಅಮೆರಿಕಾದಾಗ ಮನಿ ಮಾರೋರು ಸೈತ ಈಗ ಮಾಸ್ಟರ್ ಅನ್ನೋ ಶಬ್ದ ಬಿಟ್ಟು ಪ್ರೈಮರಿ ಬೆಡ್‌ರೂಮು ಅನ್ಲಿಕತ್ಯಾರ. ಹೆಸರು ಬದಲಾತು, ಕಸಬರಗಿ ಯಾರ ಕೈಯಾಗ ಇತ್ತೋ ಅವರ ಕೈಯಾಗ ಅದ.

ಮನಿ ಕಟ್ಟಸ್ಲಿಕತ್ತಿರೋ ತಂಗ್ಯಾರ, ಕುರ್ಚಿ ಎಳಕೊಂಡು ನಕಾಶೆ ಮುಂದ ನೀವೂ ಕೂಡ್ರಿ. ಟೈಲ್ಸ್ ಹಾಕೋಕಿಂತ ಮೊದಲ ಬಚ್ಚಲದ ತಗ್ಗಿನ್ಯಾಗ ನೀರು ತುಂಬಿಸಿ ಎರಡು ದಿನಾ ಬಿಡಸ್ರಿ, ಕೆಳಗ ಛತ್ತು ಹಸಿ ಆತಂದ್ರ ಗವಂಡಿನ್ನ ಬಿಡಬ್ಯಾಡ್ರಿ. 4 ಅಡಿಗೆ ಒಂದು ಇಂಚು ಇಳಿಜಾರು ಜಾಳಿಗಿ ಕಡೆ ಇರ್ಲಿ, ಒಂದ ಬಕೀಟು ನೀರು ಸುರದು ಎಲ್ಲೆರೆ ನಿಲ್ಲತದೇನು ನೋಡ್ರಿ. ಸ್ನಾನದ ಜಾಗಾ ಕಮೋಡಿನ ಜಾಗಕ್ಕಿಂತ ಒಂದ ಅರ್ಧ ಇಂಚು ಕೆಳಗ ಇದ್ರ ಸಾಕು, ಎಡವೋ ಅಂಥಾ ಕಟ್ಟಿ ಬ್ಯಾಡ. ಟೈಲ್ಸ್ ಅಂಗಡ್ಯಾಗ ಒಣಾ ಟೈಲ್ಸ್ ಮ್ಯಾಲೆ ಕೈ ಆಡಿಸಿ ಛಂದ ಅದ ಅನಬ್ಯಾಡ್ರಿ. ಒಂದು ತುಣುಕು ಮನಿಗೆ ತಂದು, ಸಾಬೂನು ನೀರು ಹಾಕಿ, ಯಾರನ್ನರೆ ಹಿಡಕೊಂಡು ಬರಿಗಾಲಾಗ ನಿಂತು ನೋಡ್ರಿ.

ಆಮ್ಯಾಲೆ ಹಿಡಕೊಳ್ಳೋ ಸರಳು. ಕಮೋಡಿನ ಬಾಜೂಕೊಂದು, ಸ್ನಾನದ ಜಾಗಕ್ಕೊಂದು, ಸುಮಾರು ಮೂರು ಅಡಿ ಎತ್ತರಕ್ಕ. ಈಗ ಬರೋ ಹಗುರ ಬ್ಲಾಕಿನ ಗ್ವಾಡ್ಯಾಗ ಆಮ್ಯಾಲೆ ಸ್ಕ್ರೂ ಹೊಡದ್ರ ಮೈ ಭಾರ ಬಿದ್ದಾಗ ಕಿತ್ಕೊಂಡು ಬರತದ. ಅದಕ್ಕ ಆ ಜಾಗದಾಗ ಮೊದಲ ಗಟ್ಟಿ ಇಟ್ಟಂಗಿನೋ ಕಾಂಕ್ರೀಟೋ ಹಾಕಿಸಿ ಇಡ್ರಿ, ಸರಳು ಬೇಕಾದಾಗ ಹಾಕಿಸಿಕೊಂಡ್ರಾತು. ‘ಈಗ ಯಾಕ್ರಿ, ಆಸ್ಪತ್ರಿ ಕಂಡಂಗ ಕಾಣತದ’ ಅಂತ ಎಂಜಿನಿಯರ್ ಹೇಳ್ತಾರ. ಅದರ ಮ್ಯಾಲೆ ಟಾವೆಲ್ ಹಾಕ್ತೀನಿ ಅಂತ ಹೇಳ್ರಿ, ಸುಮ್ನಾಗ್ತಾರ.