ಹಾಯಿದೋಣಿಯ ಪಂದ್ಯವೂ ನಮ್ಮ ದಾಕ್ಷಿಣ್ಯವೂ

ಆಟದಲ್ಲಿ ಸೌಜನ್ಯವಿರಬೇಕೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಸೌಜನ್ಯವೆಂದರೇನೆಂದು ಕೇಳಿದಲ್ಲಿ ನಮ್ಮವರಲ್ಲಿ ಬಹುಮಂದಿ ಕೊಡುವ ಉತ್ತರ ಒಂದೇ ಬಗೆಯದು. ಎದುರಾಳಿ ತಪ್ಪಿ ನಡೆದರೆ ಕಂಡೂ ಕಾಣದಂತಿರುವುದು, 'ಹೋಗಲಿ ಬಿಡಿ' ಎನ್ನುವುದು, ತನಗೆ ಸಲ್ಲತಕ್ಕುದನ್ನು ನಗುನಗುತ್ತ ಬಿಟ್ಟುಕೊಡುವುದು. ದಾಕ್ಷಿಣ್ಯವೆಂಬ ಈ ಗುಣವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಇದು ಎಲ್ಲ ಕಾಲದಲ್ಲಿಯೂ ಸದ್ಗುಣವೇ ಎಂಬ ಸಂಶಯವನ್ನು ನನ್ನಲ್ಲಿ ಹುಟ್ಟಿಸಿದುದು ಡಿಂಗಿ ಎಂಬ ಪುಟ್ಟ ಹಾಯಿದೋಣಿಗಳ ಪಂದ್ಯದ ನಿಯಮಾವಳಿ.

ಮಳೆಗಾಲ ಕಳೆದ ಮೇಲೆ ಗೇಟ್‌ವೇ ಆಫ್ ಇಂಡಿಯಾದ ಕಡೆ ಅಡ್ಡಾಡಲು ಹೋದ ನಮ್ಮ ವಿದ್ಯಾರ್ಥಿಗಳು ಬಂದರದ ನೀರಿನ ಮೇಲೆ ಬಿಳಿಯ ಹಾಯಿಗಳನ್ನು ಕಂಡಿರಬಹುದು. 1846ರಲ್ಲಿ ಸ್ಥಾಪನೆಯಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬು ಅಲ್ಲಿಯೇ ಇದೆ. 1982ರ ಏಷ್ಯನ್ ಕ್ರೀಡಾಕೂಟ ದಿಲ್ಲಿಯಲ್ಲಿ ನಡೆದರೂ ಹಾಯಿದೋಣಿಯ ಸ್ಪರ್ಧೆಗಳು ಜರುಗಿದುದು ನಮ್ಮ ಮುಂಬಯಿಯ ಸಮುದ್ರದಲ್ಲಿ; ಫೈರ್‌ಬಾಲ್ ಎಂಬ ಇಬ್ಬರ ಡಿಂಗಿಯಲ್ಲಿ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಅವರು ಭಾರತಕ್ಕೆ ಚಿನ್ನದ ಪದಕ ತಂದರು. ಇದು ದೊಡ್ಡವರ ಆಟವೆಂದೂ ತಿಳಿಯಬೇಕಾಗಿಲ್ಲ. ಆಪ್ಟಿಮಿಸ್ಟ್ ಎಂಬ ದೋಣಿ ಎರಡೂವರೆ ಮೀಟರಿನಷ್ಟೂ ಉದ್ದವಿಲ್ಲ. ಅದನ್ನು ಒಂಟಿಯಾಗಿ ನಡೆಸಿ ಸ್ಪರ್ಧಿಸುವವರು ಹದಿನೈದು ವರ್ಷ ಮೀರದ ಬಾಲಕ ಬಾಲಕಿಯರು.

ಈ ಪಂದ್ಯದ ವೈಶಿಷ್ಟ್ಯವೆಂದರೆ, ಹಲವು ದೋಣಿಗಳು ಒಟ್ಟಿಗೆ ಹೊರಡುವಾಗ ಪ್ರತಿಯೊಂದರ ಬೆನ್ನಿಗೂ ಒಬ್ಬ ತೀರ್ಪುಗಾರನಿರುವುದಿಲ್ಲ. ಕ್ರಿಕೆಟ್ಟಿನಲ್ಲಿ ಬೆರಳೆತ್ತುವವರುಂಟು, ಫುಟ್‌ಬಾಲಿನಲ್ಲಿ ಸೀಟಿ ಊದುವವರುಂಟು. ಇಲ್ಲಿ ನೀರು, ಗಾಳಿ, ಮತ್ತು ಪರಸ್ಪರ ಅಡ್ಡ ಬರುವ ದೋಣಿಗಳು, ಇಷ್ಟೇ. ಆದುದರಿಂದಲೇ ದಾರಿ ಯಾರದೆಂಬುದನ್ನು ನಿಯಮಗಳು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುತ್ತವೆ. ಬಲಮಗ್ಗುಲಿನಿಂದ ಗಾಳಿ ಪಡೆದು ಸಾಗುವ ದೋಣಿಗೆ ದಾರಿ ಸಲ್ಲುತ್ತದೆ. ಎಡಮಗ್ಗುಲಿನಿಂದ ಗಾಳಿ ಪಡೆಯುವ ದೋಣಿ ಸರಿದುಕೊಳ್ಳಬೇಕು. ಎರಡಕ್ಕೂ ಗಾಳಿ ಒಂದೇ ಮಗ್ಗುಲಿನದಾಗಿದ್ದು ಅವು ಅಕ್ಕಪಕ್ಕದಲ್ಲಿದ್ದರೆ, ಗಾಳಿ ಬರುವ ಕಡೆಗಿರುವ ದೋಣಿ ಸರಿಯಬೇಕು. ಹಿಂದಿನದು ಮುಂದಿನದಕ್ಕೆ ಅಡ್ಡಿಯಾಗಬಾರದು. 'ಸ್ಟಾರ್‌ಬೋರ್ಡ್!' ಎಂದು ಕೂಗಿ ಬಲಮಗ್ಗುಲಿನ ಹಕ್ಕನ್ನು ತಿಳಿಸುವ ರೂಢಿ ಎಲ್ಲೆಡೆ ಇದೆ. ನಿಯಮದಲ್ಲಿ ಹಾಗೆ ಕೂಗಬೇಕೆಂಬ ಕಟ್ಟಳೆಯಿಲ್ಲ, ಅದು ಕೇವಲ ಮರ್ಯಾದೆ.

ಹಕ್ಕುಳ್ಳವನು ಮನಬಂದಂತೆ ವರ್ತಿಸಬಹುದೆಂದು ಇದರ ಅರ್ಥವಲ್ಲ. ಅವನು ದಿಕ್ಕು ಬದಲಿಸುವಾಗ ಇನ್ನೊಬ್ಬನಿಗೆ ಸರಿದುಕೊಳ್ಳಲು ಅವಕಾಶ ಕೊಡಬೇಕು; ಡಿಕ್ಕಿಯನ್ನು ತಪ್ಪಿಸುವುದು ಸಾಧ್ಯವಿದ್ದರೆ ಅವನೂ ತಪ್ಪಿಸಲೇಬೇಕು. ಆದರೆ ದಾಕ್ಷಿಣ್ಯದಿಂದ ದಾರಿ ಬಿಟ್ಟರೆ ಏನಾಗುವುದೆಂಬುದನ್ನು ಯೋಚಿಸಿ. ಎಡಮಗ್ಗುಲಿನವನು ನಿಯಮವನ್ನು ನಂಬಿ ನಿಮ್ಮ ಹಿಂದಿನಿಂದ ಹಾಯಲೆಂದು ಚುಕ್ಕಾಣಿ ತಿರುಗಿಸಿರುತ್ತಾನೆ. ಅದೇ ಕ್ಷಣದಲ್ಲಿ ನೀವು ಔದಾರ್ಯ ತೋರಿ ಅದೇ ಕಡೆಗೆ ತಿರುಗಿದರೆ ಎರಡು ದೋಣಿಗಳೂ ಒಂದೇ ತಾವಿಗೆ ಬಂದು ಸೇರುತ್ತವೆ. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಸಭ್ಯರು 'ತಾವು ಹೋಗಿ', 'ತಾವು ಹೋಗಿ' ಎನ್ನುತ್ತ ಒಬ್ಬರನ್ನೊಬ್ಬರು ಹಾಯುವ ದೃಶ್ಯ ಎಲ್ಲರಿಗೂ ಪರಿಚಿತವೇ. ಓಣಿಯಲ್ಲಿ ಅದು ನಗೆಗೆ ಕಾರಣವಾದೀತು. ನೀರಿನಲ್ಲಿ ಮೂಳೆ ಮುರಿದೀತು. ದಾಟಿ ಹೋಗೆಂದು ಎದುರಿನವನಿಗೆ ಕೈಬೀಸಿ ಹೇಳುವ ಪದ್ಧತಿಯೂ ಇಲ್ಲದಿಲ್ಲ. ಆದರೆ ಅದನ್ನು ಮೊದಲೇ, ಅವನಿಗೆ ಕೇಳಿಸುವಂತೆ ಹೇಳಬೇಕು. (ಬಹಳಷ್ಟು ಸಲ ಹಾಗೆ ಹೇಳುವುದು ತನ್ನ ಸ್ವಂತ ಲಾಭಕ್ಕಾಗಿಯೇ ಎಂದು ಬಲ್ಲವರು ಹೇಳುವರು.)

ತಪ್ಪು ಮಾಡಿದವನ ಕರ್ತವ್ಯವೇನು? ತಿರುಗು ಗುರುತಿನ ಬೋಯಾವನ್ನು ತಾಗಿದವನು ಒಂದು ಸುತ್ತು, ಇನ್ನೊಂದು ದೋಣಿಯ ಹಕ್ಕನ್ನು ಮುರಿದವನು ಎರಡು ಸುತ್ತು ತನ್ನ ದೋಣಿಯನ್ನು ನಿಂತಲ್ಲಿಯೇ ತಿರುಗಿಸಿ ಮುಂದುವರಿಯಬೇಕು. ಗಾಯವನ್ನಾಗಲಿ ಭಾರಿ ಹಾನಿಯನ್ನಾಗಲಿ ಮಾಡಿದ್ದರೆ ಆ ಪಂದ್ಯದಿಂದ ಹೊರಬೀಳಬೇಕು. ಸುತ್ತುಗಳ ಈ ರಿಯಾಯಿತಿ ಈಚಿನದು. ಹಿಂದೆ ತಪ್ಪಿದವನಿಗೆ ಹೊರಬೀಳುವುದೊಂದೇ ಮಾರ್ಗವಿತ್ತು. ಶಿಕ್ಷೆಯನ್ನು ವಿಧಿಸುವವನು ತಪ್ಪಿತಸ್ಥನೇ. ಉಳಿದವರು ಮುಂದೆ ಸಾಗುತ್ತಿರುವಾಗ ತಾನೊಬ್ಬನೇ ಗಿರ್ರನೆ ತಿರುಗುವ ಹನ್ನೆರಡು ವರ್ಷದ ಮಗುವಿನ ಮನಸ್ಸಿನಲ್ಲಿ ಆಗ ಏನು ನಡೆಯುತ್ತದೆಂಬುದನ್ನು ಊಹಿಸಬಹುದು. ನಮ್ಮ ಪಠ್ಯಪುಸ್ತಕದ ನೀತಿಪಾಠಗಳಲ್ಲಿ ಇದಕ್ಕೆ ಸಮನಾದುದು ಕಡಿಮೆ.

ತಪ್ಪಿದವನು ಸುತ್ತು ಹಾಕದೆ ಮುಂದುವರಿದರೆ? ಅಲ್ಲಿಯೇ ನಮ್ಮ ದಾಕ್ಷಿಣ್ಯದ ಪರೀಕ್ಷೆ. ಕಂಡವನು ಆ ಕೂಡಲೆ 'ಪ್ರೊಟೆಸ್ಟ್!' ಎಂದು ಕೂಗಬೇಕು. ಆರು ಮೀಟರಿಗೆ ಕಡಿಮೆಯಿಲ್ಲದ ದೋಣಿಯಾದರೆ ಕೆಂಪು ಬಾವುಟವನ್ನೂ ತೋರಿಸಬೇಕು. ಡಿಂಗಿಗಳು ಅದಕ್ಕಿಂತ ಚಿಕ್ಕವಾದುದರಿಂದ ಕೂಗಿದರೆ ಸಾಕು. ದಡಕ್ಕೆ ಬಂದ ಮೇಲೆ ನಿಗದಿಯಾದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ ಕೊನೆಯ ದೋಣಿ ಮುಟ್ಟಿದ ಎರಡು ಗಂಟೆಯೊಳಗೆ, ಆಕ್ಷೇಪವನ್ನು ಬರೆದು ಕೊಡಬೇಕು. ವಿಚಾರಣೆಯಲ್ಲಿ ಇಬ್ಬರೂ ಹಾಜರಿರುವರು, ಇಬ್ಬರೂ ಸಾಕ್ಷಿ ಕರೆಯುವರು, ಒಬ್ಬರನ್ನೊಬ್ಬರು ಪ್ರಶ್ನಿಸುವರು. ಇದನ್ನು ಕೇಳಿ ನಮ್ಮ ಹಿರಿಯರು ಮುಖ ಸಿಂಡರಿಸಬಹುದು. 'ಚಾಡಿ ಹೇಳುವುದನ್ನು ಮಕ್ಕಳಿಗೆ ಕಲಿಸುವುದೇ?' ಎಂದಾರು. ಚಾಡಿಯನ್ನು ಹೇಳುವುದು ಬೆನ್ನ ಹಿಂದೆ, ಪಿಸುಮಾತಿನಲ್ಲಿ, ಹೆಸರು ಮರೆಸಿಕೊಂಡು. ಈ ಆಕ್ಷೇಪ ಎದುರೆದುರಿಗೆ, ಗಟ್ಟಿಯಾಗಿ, ಸಹಿಯೊಡನೆ ಬರುತ್ತದೆ. ಸುಳ್ಳಾದರೆ ಹೇಳಿದವನ ಮರ್ಯಾದೆಯೇ ಹೋಗುತ್ತದೆ. ಕೂಗು ಕೇಳಿದೊಡನೆ ಎದುರಾಳಿ ತಪ್ಪನ್ನರಿತು ಸುತ್ತು ಹಾಕಿದರೆ ವ್ಯಾಜ್ಯ ಅಲ್ಲಿಗೇ ಮುಗಿಯುವುದೂ ಉಂಟು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ನಾನು 'ಹೋಗಲಿ' ಎಂದು ಸುಮ್ಮನಾದರೆ ನಷ್ಟ ನನ್ನೊಬ್ಬನದೇ ಎಂದು ತೋರುತ್ತದೆ. ವಸ್ತುತಃ ಹಾಗಲ್ಲ. ನಿಯಮ ಮುರಿದು ಮುಂದೆ ಹೋದವನು ನನ್ನನ್ನಲ್ಲದೆ, ದೂರದಲ್ಲಿದ್ದು ಏನನ್ನೂ ಕಾಣದ ಮತ್ತೆ ಹತ್ತು ಮಂದಿಯನ್ನೂ ಹಿಂದಿಕ್ಕಿರುತ್ತಾನೆ. ಅವರ ಸ್ಥಾನವನ್ನು ದಾನ ಮಾಡುವ ಅಧಿಕಾರವನ್ನು ನನಗೆ ಕೊಟ್ಟವರಾರು? ಬಸ್ಸಿನ ಸರತಿಯಲ್ಲಿ ನಡುವೆ ನುಗ್ಗಿದವನಿಗೆ ಮುಗುಳ್ನಗೆಯಿಂದ ಜಾಗ ಬಿಡುವ ಉದಾರಿ ತನ್ನ ಹಿಂದೆ ನಿಂತ ಮುದುಕಿಯ ಜಾಗವನ್ನೂ ಬಿಟ್ಟುಕೊಟ್ಟಿರುತ್ತಾನೆ. 'ಲೈನಿನಲ್ಲಿ ಬನ್ನಿ' ಎಂದು ಗದರಿಸುವ ಬಾಯಿಬಡಕಿಯೇ ಅಲ್ಲಿ ನಿಜವಾದ ಸಭ್ಯಳು.

ಈ ಪದ್ಧತಿ ದೋಷರಹಿತವೆಂದು ವಾದಿಸುತ್ತಿಲ್ಲ. ಮೈಯನ್ನು ತೂಗಾಡಿಸಿಯೋ ಹಾಯಿಯನ್ನು ಮತ್ತೆ ಮತ್ತೆ ಜಗ್ಗಿಯೋ ದೋಣಿಯನ್ನು ನೂಕುವುದು ನಿಷಿದ್ಧ. ಗಾಳಿ ಬತ್ತಿದಾಗ ಈ ಆಸೆಯನ್ನು ತಡೆಯುವುದು ಕಷ್ಟ. ಪ್ರಾಮಾಣಿಕತೆಯೊಂದನ್ನೇ ನಂಬಿ ಫಲವಿಲ್ಲವೆಂದು ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ಮೋಟಾರು ದೋಣಿಯಲ್ಲಿ ಹಿಂಬಾಲಿಸಿ, ಸೀಟಿ ಊದಿ, ಹಳದಿ ಬಾವುಟ ತೋರಿಸುವ ಏರ್ಪಾಡಾಗಿದೆ. ಮೊದಲ ಸಲಕ್ಕೆ ಎರಡು ಸುತ್ತು, ಎರಡನೆಯ ಸಲಕ್ಕೆ ಆ ಪಂದ್ಯದಿಂದ ನಿರ್ಗಮನ. ಇದು ಅನಿವಾರ್ಯವಾಗಿರಬಹುದು, ಸಂತೋಷದ ಸಂಗತಿಯಂತೂ ಅಲ್ಲ. ಸೀಟಿಗೆ ಒಗ್ಗಿದ ಮಗು ಸೀಟಿ ಕೇಳದಿರುವಾಗ ತಪ್ಪೇ ಆಗಿಲ್ಲವೆಂದು ತಿಳಿಯತೊಡಗುತ್ತದೆ.

ದಾಕ್ಷಿಣ್ಯದ ಪಕ್ಷಪಾತಿಗಳು 1988ರ ಒಲಿಂಪಿಕ್ಸಿನ ಪ್ರಸಂಗವನ್ನು ನನ್ನೆದುರಿಗೆ ಇಡಬಹುದು. ಸಿಯೋಲ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಗಳು ಪೂಸಾನ್ ಬಂದರಿನಲ್ಲಿ ನಡೆದವು. ಕೆನಡಾದ ಲಾರೆನ್ಸ್ ಲೆಮ್ಯೂ ಒಂಟಿಯಾಳಿನ ಫಿನ್ ದೋಣಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಗಾಳಿ ಬಿರುಸಾಗಿ ಅಲೆಗಳೆದ್ದವು. ಪಕ್ಕದ ಬೇರೊಂದು ಪಂದ್ಯದಲ್ಲಿದ್ದ ಸಿಂಗಪುರದ ಇಬ್ಬರ ದೋಣಿ ಮಗುಚಿತು. ಲೆಮ್ಯೂ ತಮ್ಮ ದಾರಿ ಬಿಟ್ಟು ಅತ್ತ ಹೋಗಿ ಇಬ್ಬರನ್ನೂ ನೀರಿನಿಂದೆತ್ತಿ, ರಕ್ಷಣಾ ದೋಣಿ ಬರುವತನಕ ಕಾದು, ಆಮೇಲೆ ಪಂದ್ಯಕ್ಕೆ ಮರಳಿದರು. ಅಷ್ಟರಲ್ಲಿ ಬಹಳ ದೋಣಿಗಳು ಮುಂದೆ ಹೋಗಿದ್ದವು. ಇದನ್ನು ತ್ಯಾಗದ ಕಥೆಯಾಗಿ ಹೇಳುವುದು ವಾಡಿಕೆ. ತ್ಯಾಗವೇನೋ ನಿಜ. ಆದರೆ ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ಸಹಾಯವನ್ನೂ ಮಾಡತಕ್ಕದ್ದೆಂಬುದು ಈ ಆಟದ ಮೊತ್ತಮೊದಲನೆಯ ನಿಯಮ. ಲೆಮ್ಯೂ ಪಾಲಿಸಿದುದು ಅದನ್ನೇ. ಹಾಗೆ ನೆರವಾದವನು ನಷ್ಟಪಡಬಾರದೆಂದು ಪರಿಹಾರದ ನಿಯಮವೂ ಇದೆ. ತೀರ್ಪು ಮಂಡಲಿ ಅದರ ಮೇರೆಗೆ ಆ ಪಂದ್ಯದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಕೊಟ್ಟಿತು. ಒಟ್ಟು ಸರಣಿಯಲ್ಲಿ ಅವರಿಗೆ ಪದಕ ಬರಲಿಲ್ಲ. ಒಲಿಂಪಿಕ್ ಸಮಿತಿ ಅವರನ್ನು ವಿಶೇಷವಾಗಿ ಗೌರವಿಸಿತು. ಒಳ್ಳೆಯದನ್ನು ಮಾಡಿದವನ ಸ್ಥಾನವನ್ನು ಉಳಿಸಿಕೊಡಲು ಮೊದಲೇ ಬರೆದಿಟ್ಟ ಕಟ್ಟಳೆಯಿದ್ದಿತೆಂಬುದು ನನಗೆ ಆ ಗೌರವಕ್ಕಿಂತ ಹೆಚ್ಚಾಗಿ ಹಿಡಿಸಿದೆ.

ನಮ್ಮ ಶಾಲೆಗೆ ಹಾಯಿದೋಣಿ ಕೊಳ್ಳುವ ಶಕ್ತಿಯಿಲ್ಲ. ಆಟದ ಬಯಲಿಗೇ ಪರದಾಡುವವರು ನಾವು. ಆದರೆ ಒಂದು ನೋಟುಪುಸ್ತಕಕ್ಕೆ ಬಡತನವಿಲ್ಲ. ಬರುವ ವಾರ್ಷಿಕ ಕ್ರೀಡೋತ್ಸವದಲ್ಲಿ ಅಂಗಳದ ಮೂಲೆಯ ಮೇಜಿನ ಮೇಲೆ 'ಆಕ್ಷೇಪಗಳು' ಎಂಬ ಹೆಸರಿನ ಪುಸ್ತಕವೊಂದನ್ನು ಇಡಬೇಕೆಂದು ಕ್ರೀಡಾ ಸಮಿತಿಯವರನ್ನು ಪ್ರಾರ್ಥಿಸುತ್ತೇನೆ. ಸ್ಪರ್ಧೆ ಮುಗಿದ ಅರ್ಧ ಗಂಟೆಯೊಳಗೆ ಬರೆಯಬೇಕು; ಬರೆದವರು ಸಹಿ ಮಾಡಬೇಕು; ಯಾರ ಮೇಲೆ ಬರೆದಿದೆಯೋ ಅವರೆದುರಿಗೇ ಓದಬೇಕು. ಅದೇ ಪುಸ್ತಕದ ಇನ್ನೊಂದು ತುದಿಯಿಂದ, ತಮ್ಮ ತಪ್ಪನ್ನು ತಾವೇ ಬರೆಯಬಯಸುವವರಿಗಾಗಿ ಕೆಲವು ಹಾಳೆಗಳನ್ನು ಬಿಟ್ಟಿರಲಿ. ಯಾವ ತುದಿಯ ಹಾಳೆಗಳು ಮೊದಲು ತುಂಬುವುವೋ ನೋಡೋಣ.