ಮಾಟುಂಗ ಹೋಗಿ ಮಟಗ ಆಯಿತು

ಒಂದು ಫೋಟೋ ಫೈಲಿಗೆ ‘ಮಾಟುಂಗ’ ಎಂದು ಹೆಸರಿಡಿ. ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿದ, ಯಾರೂ ಸೆಟ್ಟಿಂಗ್ ಮುಟ್ಟಿರದ ಸೈಟಿಗೆ ಅದನ್ನು ಅಪ್‌ಲೋಡ್ ಮಾಡಿ. ಸರ್ವರಿನ ಫೋಲ್ಡರ್ ತೆರೆದು ನೋಡಿದರೆ ಅಲ್ಲಿ ಕೂತಿರುವುದು ‘ಮಟಗ’. ‘ಅಜ್ಜ ಹೋಟೆಲ್’ ಎಂದು ಕಳಿಸಿದ್ದು ‘ಅಜಜ_ಹಟಲ’ ಆಗಿರುತ್ತದೆ. ರಾಜ್‌ಕುಮಾರ್ ‘ರಜಕಮರ’ ಆಗಿರುತ್ತಾರೆ.

ಮಾಟುಂಗದ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಟ್ರಂಕು, ಕಪಾಟು, ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಫೋಟೋ, ಕರಪತ್ರ, ನಾಟಕದ ಆಮಂತ್ರಣ, ಕೈಬರಹಗಳನ್ನು ಒಂದೆಡೆ ಸೇರಿಸುವ ಸಣ್ಣ ಸೈಟೊಂದನ್ನು ನಾವು ನಾಲ್ಕೈದು ಜನ ನೋಡಿಕೊಳ್ಳುತ್ತೇವೆ. ಯಾವ ಸಂಘದ್ದೂ ಅಲ್ಲ, ರಜೆಯ ದಿನದ ಕೆಲಸ. ಈ ಊರಿನಲ್ಲಿ ಅಂಥ ಸಾಮಗ್ರಿಗೆ ಕೊರತೆಯಿಲ್ಲ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಸ್ಟೇಷನ್ ಪಕ್ಕದ ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಅಂದಿನಿಂದ ಇಲ್ಲಿ ಉಂಡವರು, ನಾಟಕ ಆಡಿದವರು, ರಾತ್ರಿಶಾಲೆಯಲ್ಲಿ ಕಲಿತವರು ತೆಗೆಸಿಕೊಂಡ ಫೋಟೋಗಳು ಈಗ ಅವರ ಮೊಮ್ಮಕ್ಕಳ ಮೊಬೈಲಿನಲ್ಲಿವೆ. ಅವುಗಳಲ್ಲಿ ಇರುವವರು ಯಾರೆಂದು ಗೊತ್ತಿರುವವರಿಗೆ ಎಂಬತ್ತು ದಾಟಿದೆ. ಅಂಥವರು ಫೋಟೋದ ವಿವರವನ್ನೆಲ್ಲ ಫೈಲಿನ ಹೆಸರಿನಲ್ಲೇ ಬರೆದು ಕಳಿಸುತ್ತಾರೆ. ಕಳಿಸಿದ ಮೇಲೆ ಆ ವಿವರ ಇರುವುದು ಆ ಹೆಸರಿನಲ್ಲಿ ಮಾತ್ರ.

ಹಾಗಾದರೆ ಕಾಗುಣಿತವನ್ನು ತಿಂದವರು ಯಾರು? ಫೈಲಿನ ಹೆಸರಿನಲ್ಲಿ ಯಾರಾದರೂ ಓರೆಗೆರೆಯನ್ನೋ ಚುಕ್ಕಿಗಳನ್ನೋ ತುರುಕಿ ಸರ್ವರಿನ ಬೇರೆ ಫೋಲ್ಡರಿಗೆ ಕೈ ಹಾಕದಿರಲಿ ಎಂದು ಜಾಂಗೋ ಹೆಸರನ್ನು ಸೋಸುತ್ತದೆ. ಉದ್ದೇಶ ಸರಿಯಾದದ್ದೇ. ಖಾಲಿ ಜಾಗವನ್ನು ಅಡಿಗೆರೆ ಮಾಡುತ್ತದೆ. ಅಕ್ಷರ, ಅಂಕಿ, ಅಡಿಗೆರೆ, ಹೈಫನ್, ಚುಕ್ಕಿ ಬಿಟ್ಟು ಮಿಕ್ಕಿದ್ದನ್ನು ಅಳಿಸುತ್ತದೆ. ಆದರೆ ಯಾವುದು ಅಕ್ಷರ ಎಂದು ಅದು ಕೇಳುವುದು ಪೈಥಾನ್ ಭಾಷೆಯನ್ನು. ಯೂನಿಕೋಡ್ ಲೆಕ್ಕದಲ್ಲಿ ‘ಮ’ ಅಕ್ಷರ. ಅದಕ್ಕೆ ಹಚ್ಚುವ ದೀರ್ಘ, ಕೊಂಬು, ಅನುಸ್ವಾರ, ಒತ್ತಕ್ಷರ ಮಾಡುವ ವಿರಾಮ ಇವೆಲ್ಲ ‘ಗುರುತು’ ಎಂಬ ಬೇರೆ ವರ್ಗ. ಪದದ ಭಾಗ ಯಾವುದು ಎಂದು ಹುಡುಕುವಾಗ ಈ ಗುರುತುಗಳನ್ನೂ ಸೇರಿಸಿಕೊಳ್ಳಬೇಕು ಎಂದು ಯೂನಿಕೋಡಿನ ಮಾರ್ಗಸೂಚಿಯೇ ಹೇಳುತ್ತದೆ. ಪೈಥಾನ್ ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಚೀನೀ ಅಕ್ಷರಕ್ಕೆ ಏನೂ ಆಗುವುದಿಲ್ಲ, ಫ್ರೆಂಚರ ತಲೆಗೆರೆಯ ಅಕ್ಷರಕ್ಕೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕನ್ನಡ, ಮರಾಠಿ, ತಮಿಳಿನ ತಲೆ ಬೋಳಾಗುತ್ತದೆ. ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ಫ್ರೇಮ್‌ವರ್ಕ್ ಇದು. ಅಲ್ಲಿನ ವರದಿಗಾರರ ಫೈಲುಗಳಿಗೆ ಕೊಂಬು ದೀರ್ಘ ಇರಲಿಲ್ಲ.

ಹೆಸರು ಕೆಟ್ಟರೆ ಏನಾಯಿತು, ಫೋಟೋ ಇದೆಯಲ್ಲ ಎನ್ನಬಹುದು. ಕಾಲ, ಕಾಲು, ಕಲೆ ಮೂರೂ ‘ಕಲ’. ಮಗ, ಮಗು, ಮಾಗಿ ಮೂರೂ ‘ಮಗ’. ಒಂದೇ ಹೆಸರು ಎರಡನೇ ಸಲ ಬಂದರೆ ಜಾಂಗೋ ಹಳೆಯದನ್ನು ಅಳಿಸದೆ, ಹೊಸದರ ಬಾಲಕ್ಕೆ ಏಳು ಅಕ್ಷರಗಳ ಅಡ್ಡಾದಿಡ್ಡಿ ಗುರುತನ್ನು ಅಂಟಿಸುತ್ತದೆ. ಫೈಲು ಉಳಿಯಿತು, ಸರಿ. ಅದರಲ್ಲಿರುವುದು ಯಾರ ಮಗು, ಯಾರ ಮಗ ಎಂದು ಹಿಂದಕ್ಕೆ ಓದುವ ದಾರಿ ಇಲ್ಲ.

ಇನ್ನೊಂದು ಸೂಕ್ಷ್ಮ. ರಾಜ್‌ಕುಮಾರ್ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಅಂಟಿಕೊಳ್ಳದಿರಲು ನಡುವೆ ಕಾಣದ ಒಂದು ಅಕ್ಷರ ಇಡುತ್ತೇವೆ. ಅಪ್‌ಲೋಡ್ ಒಳಬರುವ ಬಾಗಿಲಿನಲ್ಲೇ ಜಾಂಗೋ ‘ಮುದ್ರಿಸಲಾಗದ’ ಅಕ್ಷರಗಳನ್ನೆಲ್ಲ ಬಿಸಾಕುತ್ತದೆ. ಇದೂ ಅವುಗಳ ಜೊತೆ ಹೋಗುತ್ತದೆ. ಆದ್ದರಿಂದ ಸೋಸುವುದಕ್ಕೆ ಮೊದಲೇ ಮೂಲ ಹೆಸರನ್ನು ಎತ್ತಿಟ್ಟುಕೊಂಡೆವು ಎಂದುಕೊಂಡರೂ ಸಿಗುವುದು ‘ರಾಜ್ಕುಮಾರ್’. ನಾವು ಮಾಡಿದ ಉಪಾಯ ಸರಳ: ಸರ್ವರಿನಲ್ಲಿ ಫೈಲಿನ ಹೆಸರು ಬರೀ ಒಂದು ಉದ್ದನೆಯ ಕ್ರಮಗುರುತು, ಅದರಲ್ಲಿ ಯಾವ ಭಾಷೆಯೂ ಇಲ್ಲ. ಮನುಷ್ಯರು ಓದುವ ಹೆಸರಿಗೆ ಫಾರ್ಮಿನಲ್ಲಿ ಬೇರೆಯೇ ಪೆಟ್ಟಿಗೆ. ಫೋಟೋ ಆರಿಸಿದೊಡನೆ ಬ್ರೌಸರೇ ಫೈಲಿನ ಹೆಸರನ್ನು ಆ ಪೆಟ್ಟಿಗೆಯಲ್ಲಿ ತುಂಬುತ್ತದೆ. ಪೆಟ್ಟಿಗೆಯ ಬರಹವನ್ನು ಯಾರೂ ಸೋಸುವುದಿಲ್ಲ, ಡೇಟಾಬೇಸಿಗೆ ಇದ್ದಂತೆಯೇ ಹೋಗುತ್ತದೆ. ಉದ್ದದ ತಾಪತ್ರಯವೂ ತಪ್ಪಿತು. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟು ಮಿತಿ. ‘ಮಾಟುಂಗ’ ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಆರು, ಬೈಟಿನಲ್ಲಿ 18. ‘ಎಡದಿಂದ ಮೂರನೆಯವರು ನಮ್ಮ ಮಾವ’ ಎಂದೆಲ್ಲ ಬರೆಯುವವರಿಗೆ 85 ಸಂಕೇತ ಎಲ್ಲಿ ಸಾಕು?

ಗಾತ್ರದ ವಿಷಯಕ್ಕೆ ಬಂದರೆ, ಜನ ಜಾಂಗೋವನ್ನು ಬೈಯುತ್ತಾರೆ, ತಪ್ಪು ವಿಳಾಸ. ಫೈಲು ಎರಡೂವರೆ ಎಂಬಿ ದಾಟಿದರೆ ಅದನ್ನು ಮೆಮೊರಿಯಲ್ಲಿ ಹಿಡಿಯದೆ ತಾತ್ಕಾಲಿಕ ಫೈಲಾಗಿ ಡಿಸ್ಕಿಗೆ ಬರೆಯುತ್ತದೆ ಅಷ್ಟೆ, ತಿರಸ್ಕರಿಸುವುದಿಲ್ಲ. ತಿರಸ್ಕರಿಸುವುದು ಅದರ ಮುಂದೆ ಕಾವಲು ನಿಂತಿರುವ ಎಂಜಿನ್‌ಎಕ್ಸ್. ಯಾರೂ ಬದಲಿಸದಿದ್ದರೆ ಅದರ ಮಿತಿ ಒಂದೇ ಎಂಬಿ. ಇಂದಿನ ಮೊಬೈಲಿನ ಒಂದು ಫೋಟೋವೇ ಮೂರು ನಾಲ್ಕು ಎಂಬಿ ಇರುತ್ತದೆ. ಮಿತಿ ಮೀರಿದರೆ ಅದು 413 ಎಂಬ ಸಂಖ್ಯೆಯ ದೋಷ ಕೊಡುತ್ತದೆ. ಬ್ರೌಸರುಗಳು ಈ ದೋಷವನ್ನು ಸರಿಯಾಗಿ ತೋರಿಸಲಾರವು ಎಂದು ಎಂಜಿನ್‌ಎಕ್ಸ್‌ನ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಅಂದರೆ ನೀವು ಕಷ್ಟಪಟ್ಟು ಅಚ್ಚಗನ್ನಡದಲ್ಲಿ ಬರೆದ ದೋಷ ಪುಟ ಜಾಂಗೋದ ಮನೆಯೊಳಗೇ ಕೂತಿರುತ್ತದೆ, ಅತಿಥಿ ಗೇಟಿನಿಂದಲೇ ವಾಪಸ್. ಅವರಿಗೆ ಕಾಣುವುದು ‘ಸಂಪರ್ಕ ಕಡಿಯಿತು’. ಅವರು ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಕಿಟಕಿಯ ಹತ್ತಿರ ಹೋಗಿ ಮತ್ತೆ ಕಳಿಸುತ್ತಾರೆ. ಮತ್ತೆ ಅದೇ. ಮೂರನೇ ಸಲ ಯಾರೂ ಕಳಿಸುವುದಿಲ್ಲ, ದೂರನ್ನೂ ಹೇಳುವುದಿಲ್ಲ. ನಮಗಾಗದ ಕೆಲಸ ಎಂದು ಸುಮ್ಮನಾಗುತ್ತಾರೆ. ಜಾಂಗೋದ ಲಾಗಿನಲ್ಲಿ ಅವರು ಬಂದುಹೋದ ಗುರುತೂ ಇರುವುದಿಲ್ಲ.

ನಮ್ಮಲ್ಲಿ ಈಗ ಗೇಟಿನ ಮಿತಿ 60 ಎಂಬಿ. ಅದಕ್ಕಿಂತ ಮುಖ್ಯವಾಗಿ, ಫೈಲು ಆರಿಸಿದ ಕೂಡಲೇ ಬ್ರೌಸರಿನಲ್ಲೇ ಗಾತ್ರ ನೋಡಿ, ಹೆಚ್ಚಾಗಿದ್ದರೆ ಕಳಿಸುವ ಮೊದಲೇ ಕನ್ನಡದಲ್ಲಿ ಹೇಳುತ್ತೇವೆ. ಬ್ರೌಸರಿನ ತಪಾಸಣೆ ಸೌಜನ್ಯಕ್ಕೆ, ಸರ್ವರಿನ ತಪಾಸಣೆ ಭದ್ರತೆಗೆ. ಎರಡೂ ಬೇಕು.

ದೋಷದ ಮಾತುಗಳ ಬಗ್ಗೆ ನನಗೊಂದು ಹಳೆಯ ಸಿಟ್ಟಿದೆ. ಐಫೋನಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಫೋಟೋ ಎಷ್ಟೋ ಸಲ ‘ಹೀಕ್’ ಎಂಬ ನಮೂನೆಯಲ್ಲಿರುತ್ತದೆ. ಜಾಂಗೋದ ಚಿತ್ರ ತಪಾಸಣೆ ಅದನ್ನು ತಾನಾಗಿ ಓದಲಾರದು. ಆಗ ಅದು ಇಂಗ್ಲಿಷಿನಲ್ಲಿ ಹೇಳುವುದರ ಸಾರ: ನೀವು ಕಳಿಸಿದ್ದು ಚಿತ್ರವೇ ಅಲ್ಲ, ಅಥವಾ ಕೆಟ್ಟುಹೋದ ಚಿತ್ರ. ತೀರಿಹೋದ ತಾಯಿಯ ಏಕೈಕ ಫೋಟೋ ಕಳಿಸಿದವರೊಬ್ಬರು ಇದನ್ನು ಓದಿ, ಮೂಲ ಫೋಟೋವೇ ಹಾಳಾಯಿತೆಂದು ಗಾಬರಿಯಾಗಿ ಫೋನ್ ಮಾಡಿದ್ದರು. ಜಾಂಗೋದೊಳಗೆ ಕನ್ನಡ ಅನುವಾದದ ಕಡತವೂ ಇದೆ, ಆದರೆ ಅರ್ಧಂಬರ್ಧ. ಅಲ್ಲದೆ ಈ ವಾಕ್ಯವನ್ನು ಕನ್ನಡ ಮಾಡಿದರೆ ಸುಳ್ಳು ಕನ್ನಡಕ್ಕೆ ಬರುತ್ತದೆ ಅಷ್ಟೆ. ನಮ್ಮ ಸೈಟಿನಲ್ಲಿ ಈಗ ಬರುವುದು: ‘ನಿಮ್ಮ ಫೋಟೋಕ್ಕೆ ಏನೂ ಆಗಿಲ್ಲ. ಈ ನಮೂನೆಯನ್ನು ತೆರೆಯಲು ನಮಗೆ ಬರುವುದಿಲ್ಲ. ಜೆಪೆಗ್ ಮಾಡಿ ಕಳಿಸಿ, ಅಥವಾ ನಮಗೆ ತಿಳಿಸಿ.’

ಸರ್ವರೇ ಎಡವಿ ಬಿದ್ದಾಗಿನ 500ರ ಪುಟ ಬೇರೆ ಕಥೆ. ಡೀಬಗ್ ಸ್ವಿಚ್ಚು ಹಾಕಿಯೇ ಬಿಟ್ಟ ಸೈಟುಗಳಲ್ಲಿ ಒಳಗಿನ ಕೋಡು, ಫೋಲ್ಡರಿನ ದಾರಿ, ಅರ್ಧ ಸೆಟ್ಟಿಂಗು ಎಲ್ಲ ಊರಿಗೇ ಕಾಣುತ್ತದೆ. ಅದನ್ನು ಆರಿಸಿದರೆ ಬರೀ ‘ಸರ್ವರ್ ಎರರ್’ ಎಂಬ ಮೌನ. ನಮಗೆ ಬೇಕಾಗಿದ್ದದ್ದು ಇವೆರಡರ ನಡುವಿನದು: ಕನ್ನಡದ ಒಂದು ಸಾಲು, ಕೆಳಗೆ ದೊಡ್ಡದಾಗಿ ನಾಲ್ಕಂಕಿಯ ಸಂಖ್ಯೆ. ಅದೇ ಸಂಖ್ಯೆ ಲಾಗಿನಲ್ಲೂ ಬೀಳಬೇಕು. ಜನ ಅದರ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ನಾವು ಲಾಗಿನಲ್ಲಿ ಹುಡುಕುತ್ತೇವೆ. ಇದನ್ನು ಮಾಡಹೊರಟವರಿಗೆ ಒಂದು ಕಿವಿಮಾತು: ಜಾಂಗೋ ತನ್ನ 500ರ ಪುಟಕ್ಕೆ ಯಾವ ಮಾಹಿತಿಯನ್ನೂ ಒಯ್ಯುವುದಿಲ್ಲ. ಸಂಖ್ಯೆ ತೋರಿಸಬೇಕಾದರೆ ಆ ದೋಷಕ್ಕೆ ನಿಮ್ಮದೇ ಹ್ಯಾಂಡ್ಲರ್ ಬರೆಯಬೇಕು, ಮತ್ತು ಅದು ಡೇಟಾಬೇಸನ್ನು ಮುಟ್ಟಬಾರದು. ಕೆಟ್ಟು ಕೂತಿರುವುದು ಡೇಟಾಬೇಸೇ ಆಗಿರಬಹುದು.

ಸೆಷನ್ನಿನ ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಜಗಳವಾಯಿತು. ಪಿಎಚ್‌ಪಿಯಲ್ಲಿ ಸೆಷನ್ ಮಾಹಿತಿಗೆ ಮೂಲತಃ ಇರುವ ಆಯುಷ್ಯ 1440 ಸೆಕೆಂಡು, ಅಂದರೆ 24 ನಿಮಿಷ. ಒಂದೇ ಬೆರಳಿನಲ್ಲಿ ಕನ್ನಡ ಟೈಪು ಮಾಡುವ ಎಪ್ಪತ್ತೆಂಟು ವರ್ಷದವರಿಗೆ ಅದು ಒಂದು ಪ್ಯಾರಾಕ್ಕೂ ಸಾಲದು. ಜಾಂಗೋ ಧಾರಾಳಿ, ಎರಡು ವಾರ ಕೊಡುತ್ತದೆ. ಆದರೆ ಆ ಎರಡು ವಾರ ಎಣಿಕೆಯಾಗುವುದು ನೀವು ಕೊನೆಯ ಸಲ ಬಂದ ದಿನದಿಂದಲ್ಲ, ಸೆಷನ್ನಿನಲ್ಲಿ ಕೊನೆಯ ಸಲ ಏನಾದರೂ ಬದಲಾದ ದಿನದಿಂದ. ಸಾಮಾನ್ಯವಾಗಿ ಅದು ಲಾಗಿನ್ ಆದ ದಿನ. ದಿನಾ ಬರುವವರಿಗೂ ಹದಿನೈದನೇ ದಿನ ಬರೆಯುತ್ತ ಇರುವಾಗಲೇ ಗಂಟೆ ಬಾರಿಸಬಹುದು. ‘ಕಳಿಸು’ ಒತ್ತಿದರೆ ಲಾಗಿನ್ ಪುಟ ಬರುತ್ತದೆ, ಬರೆದದ್ದು ಅದರಾಚೆ ದಾಟುವುದಿಲ್ಲ. ಪ್ರತಿ ಭೇಟಿಗೂ ಸೆಷನ್ ಹೊಸದಾಗುವಂತೆ ಮಾಡಲು ಒಂದು ಸೆಟ್ಟಿಂಗ್ ಇದೆ, ಅದನ್ನು ಹಾಕಿದೆವು.

ಜಗಳ ಇದರ ಬಗ್ಗೆ ಅಲ್ಲ. ಬರೆಯುವವರಲ್ಲಿ ಕೆಲವರು ವಾಚನಾಲಯದ ಕಂಪ್ಯೂಟರಿನಿಂದ, ಕೆಲವರು ಮಗ ಸೊಸೆಯ ಫೋನಿನಿಂದ ಬರುತ್ತಾರೆ. ಅಲ್ಲಿ ಎರಡು ವಾರ ಬಾಗಿಲು ತೆರೆದಿಡುವುದು ಎಂದರೆ ಮುಂದೆ ಕೂತವರು ಇವರ ಹೆಸರಿನಲ್ಲಿ ಏನನ್ನೂ ಬರೆಯಬಹುದು. ಭದ್ರತೆಯವರು ಹದಿನೈದು ನಿಮಿಷ ಎಂದರು, ನಾನು ಒಂದು ತಿಂಗಳು ಎಂದೆ. ಕೊನೆಗೆ ಲಾಗಿನ್ ಪುಟದಲ್ಲಿ ‘ಇದು ನನ್ನ ಸ್ವಂತ ಫೋನು’ ಎಂಬ ಚೌಕ ಇಟ್ಟೆವು. ಗುರುತು ಹಾಕಿದರೆ 30 ದಿನ, ಬರೆಯುತ್ತಿರುವುದರ ಕರಡೂ ಆ ಫೋನಿನ ಬ್ರೌಸರಿನಲ್ಲಿ ಆಗಾಗ ಉಳಿಯುತ್ತದೆ. ಹಾಕದಿದ್ದರೆ ಬ್ರೌಸರ್ ಮುಚ್ಚಿದೊಡನೆ ಸೆಷನ್ ಮುಗಿಯಿತು, ಕರಡನ್ನೂ ಉಳಿಸುವುದಿಲ್ಲ. ಪರರ ಕಂಪ್ಯೂಟರಿನಲ್ಲಿ ಮನೆಯ ಕಥೆ ಬಿಟ್ಟುಬರಲು ಯಾರಿಗೂ ಇಷ್ಟವಿರುವುದಿಲ್ಲ.

ಇಷ್ಟಾದರೂ ಸೆಟ್ಟಿಂಗ್ ಬದಲಿಸುವ ಮೊದಲು ಬಂದ ಫೈಲುಗಳ ಹೆಸರು ಬೋಳಾಗಿಯೇ ಇದೆ. ‘ಅಜಜ_ಹಟಲ’ದಂಥವನ್ನು ಊಹಿಸಬಹುದು, ‘ಕಲ’ವನ್ನು ಆಗದು. ಅಂಥವುಗಳ ಪಟ್ಟಿ ಮಾಡಿ, ಕಳಿಸಿದವರಿಗೆ ಒಬ್ಬೊಬ್ಬರಿಗೇ ಫೋಟೋ ತೋರಿಸಿ ಕೇಳುತ್ತಿದ್ದೇವೆ. ನೀವು ನಮಗೇ ಆಗಲಿ, ಇಂಥ ಬೇರೆ ಕೂಟಕ್ಕೇ ಆಗಲಿ ಕನ್ನಡ ಹೆಸರಿನ ಫೈಲು ಕಳಿಸಿದ್ದರೆ, ಒಮ್ಮೆ ಅಲ್ಲಿ ಅದು ಯಾವ ಹೆಸರಿನಲ್ಲಿದೆ ಎಂದು ನೋಡಿ. ಫೋನಿನಲ್ಲಿರುವ ಮೂಲವನ್ನು ಅಲ್ಲಿಯವರೆಗೆ ಅಳಿಸಬೇಡಿ.