ಬೆಳಕನ್ನು ಎಣಿಸುವ ಚಕ್ರ

ಎರಡು ಪುಟ್ಟ ಮೋಟಾರು, ಎರಡು ಗಾಲಿ, ಒಂದು ಬ್ಯಾಟರಿ, ಒಂದಿಷ್ಟು ತಂತಿ - ಇಷ್ಟಿದ್ದರೆ ಮನೆಯ ಮೇಜಿನ ಮೇಲೆಯೇ ಆಟದ ಬಂಡಿಯೊಂದು ಸಿದ್ಧವಾಗುತ್ತದೆ. ಅದನ್ನು ನೆಲಕ್ಕಿಳಿಸಿ ಬಿಟ್ಟರೆ ನೇರವಾಗಿ ಹೋಗುವುದೆಂದು ಯಾರಾದರೂ ನಿರೀಕ್ಷಿಸುವುದು ಸಹಜವೇ. ಆದರೆ ನಾಲ್ಕು ಮೊಳ ಸಾಗುವಷ್ಟರಲ್ಲಿ ಬಂಡಿ ಎಡಕ್ಕೋ ಬಲಕ್ಕೋ ವಾಲಿ ಗೋಡೆಯನ್ನು ಸೇರುತ್ತದೆ. ಎರಡು ಮೋಟಾರುಗಳಿಗೂ ಒಂದೇ ಬ್ಯಾಟರಿಯಿಂದ ವಿದ್ಯುತ್ತು ಹರಿದರೂ ಒಂದರ ವೇಗ ಇನ್ನೊಂದಕ್ಕಿಲ್ಲ. ಒಂದರ ಹಲ್ಲುಚಕ್ರ ಕೊಂಚ ಬಿಗಿ, ಇನ್ನೊಂದರದು ಕೊಂಚ ಸಡಿಲ. ಅಪ್ಪಣೆ ಒಂದೇ ಆದರೂ ಇಬ್ಬರು ಆಳುಗಳ ಕೆಲಸ ಒಂದೇ ಸಮನಾಗಿರುವುದಿಲ್ಲವಷ್ಟೆ!

ಹೀಗಾಗಿ ಅಪ್ಪಣೆಯನ್ನು ಕೊಟ್ಟರೆ ಸಾಲದು. ನಡೆದ ಕೆಲಸದ ಲೆಕ್ಕವನ್ನೂ ಇಡಬೇಕಾಗುತ್ತದೆ. ಆ ಲೆಕ್ಕವನ್ನು ಇಡುವ ಗುಮಾಸ್ತೆಯೇ ಎನ್‌ಕೋಡರ್ ಚಕ್ರ. ಹೆಸರು ದೊಡ್ಡದಾದರೂ ವಸ್ತು ಅತ್ಯಂತ ಸರಳವಾದುದು. ಅಂಚಿನುದ್ದಕ್ಕೂ ಸಮಾನ ಅಂತರದಲ್ಲಿ ಸೀಳುಗಳನ್ನು ಕೊರೆದ ತೆಳುವಾದ ಬಿಲ್ಲೆಯೊಂದನ್ನು ಮೋಟಾರಿನ ಅಚ್ಚಿಗೆ ಜೋಡಿಸಿರುತ್ತಾರೆ. ಬಿಲ್ಲೆಯ ಒಂದು ಪಕ್ಕದಲ್ಲಿ ಇನ್‌ಫ್ರಾರೆಡ್ ಎಂದು ಕರೆಯುವ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುವ ಪುಟ್ಟ ದೀಪವಿರುತ್ತದೆ. ಮತ್ತೊಂದು ಪಕ್ಕದಲ್ಲಿ ಆ ಬೆಳಕನ್ನು ಗುರುತಿಸುವ ಫೋಟೋಟ್ರಾನ್ಸಿಸ್ಟರು ಕಣ್ಣಿನಂತೆ ಕಾದಿರುತ್ತದೆ. ಬಿಲ್ಲೆ ತಿರುಗಿದಂತೆ ಬೆಳಕು ಸೀಳಿನಲ್ಲಿ ತೂರಿ ಬರುತ್ತದೆ, ಮರುಕ್ಷಣ ತಡೆಗೆ ಸಿಕ್ಕಿ ಮರೆಯಾಗುತ್ತದೆ. ಬೆಳಕು ಎಷ್ಟು ಸಲ ಮಿನುಗಿತೆಂದು ಎಣಿಸಿದರೆ ಗಾಲಿ ಎಷ್ಟು ತಿರುಗಿತೆಂದು ತಿಳಿಯುತ್ತದೆ.

ಹವ್ಯಾಸಿಗಳಿಗಾಗಿ ಮಾರುವ ಸಣ್ಣ ಬಂಡಿಗಳಲ್ಲಿ ಸಾಮಾನ್ಯವಾಗಿ 65 ಮಿಲಿಮೀಟರು ವ್ಯಾಸದ ಗಾಲಿಯೂ 20 ಸೀಳುಗಳ ಬಿಲ್ಲೆಯೂ ಇರುತ್ತವೆ. ಗಾಲಿ ಒಂದು ಸುತ್ತು ಉರುಳಿದರೆ ಬಂಡಿ ಸುಮಾರು 204 ಮಿಲಿಮೀಟರು ಮುಂದುವರಿಯುತ್ತದೆ. ಎಂದರೆ ಒಂದೊಂದು ಸೀಳಿಗೆ 10 ಮಿಲಿಮೀಟರಿಗಿಂತ ತುಸು ಹೆಚ್ಚು. ಆದರೆ ಒಂದೇ ಕಣ್ಣಿಗೆ ಚಕ್ರ ಯಾವ ದಿಕ್ಕಿಗೆ ತಿರುಗುತ್ತಿದೆಯೆಂಬುದು ತಿಳಿಯದು. ಆದುದರಿಂದ ಇನ್ನೊಂದು ಕಣ್ಣನ್ನು ಇಡುತ್ತಾರೆ. ಒಂದು ಸೀಳು ಮತ್ತು ಒಂದು ತಡೆ ಸೇರಿದ ಅಂತರದ ಕಾಲು ಭಾಗದಷ್ಟು ಅದು ಸರಿದಿರುತ್ತದೆ. ಯಾವ ಕಣ್ಣು ಬೆಳಕನ್ನು ಮೊದಲು ಕಂಡಿತೆಂಬುದರಿಂದ ದಿಕ್ಕು ನಿರ್ಧಾರವಾಗುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು: ಒಂದು ಸೀಳು ದಾಟುವಾಗ ಎರಡು ಕಣ್ಣುಗಳಲ್ಲಿ ಒಟ್ಟು ನಾಲ್ಕು ಬದಲಾವಣೆಗಳಾಗುವುದರಿಂದ 20 ಸೀಳುಗಳ ಬಿಲ್ಲೆ ಸುತ್ತಿಗೆ 80 ಎಣಿಕೆಗಳನ್ನು ಕೊಡುತ್ತದೆ. ಆಗ ಬಂಡಿಯ ನಡಿಗೆಯನ್ನು ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಅಳೆಯಬಹುದು.

ಗುಜರಿಯಲ್ಲಿ ಅಡಗಿದ ಬಿಲ್ಲೆ

ಇಪ್ಪತ್ತು ಸೀಳುಗಳು ಸಾಲದೆಂಬವರು ಅಂಗಡಿಗೆ ಹೋಗುವ ಮೊದಲು ಅಟ್ಟವನ್ನೊಮ್ಮೆ ಹುಡುಕುವುದು ಒಳಿತು. ಹಿಂದಿನ ಕಂಪ್ಯೂಟರುಗಳ ಜೊತೆಗೆ ಬರುತ್ತಿದ್ದ, ಹೊಟ್ಟೆಯಲ್ಲಿ ರಬ್ಬರಿನ ಚೆಂಡಿದ್ದ ಮೌಸು ಅನೇಕರಿಗೆ ನೆನಪಿರಬಹುದು. ಚೆಂಡು ಉರುಳಿದಂತೆ ಅದಕ್ಕೆ ತಾಗಿದ ಎರಡು ದಂಡಗಳು ತಿರುಗುತ್ತಿದ್ದುವು. ಒಂದೊಂದು ದಂಡದ ತುದಿಯಲ್ಲಿಯೂ ಸೀಳುಗಳುಳ್ಳ ಒಂದೊಂದು ಪುಟ್ಟ ಬಿಲ್ಲೆ. ಒಂದು ಬಿಲ್ಲೆ ಎಡಬಲದ ಚಲನೆಯನ್ನೂ ಮತ್ತೊಂದು ಹಿಂದುಮುಂದಿನ ಚಲನೆಯನ್ನೂ ಎಣಿಸುತ್ತಿತ್ತು. ಮೇಜಿನ ಮೇಲ್ಮೈಯನ್ನೇ ಬೆಳಕಿನಿಂದ ನೋಡುವ ಚೆಂಡಿಲ್ಲದ ಮೌಸು 1999ರಿಂದ ಜನಪ್ರಿಯವಾದ ಮೇಲೆ ಈ ಹಳೆಯವು ಮೂಲೆಗೆ ಬಿದ್ದುವು. ಇಂದಿಗೂ ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ, ಹುಡುಕುವವರ ಕಣ್ಣಿಗೆ ಅಂಥವು ಬೀಳುವುದುಂಟು.

ಇದಕ್ಕಿಂತ ಸೂಕ್ಷ್ಮವಾದ ಬಿಲ್ಲೆ ಬೇಕಾದವರು ಕೆಟ್ಟುಹೋದ ಇಂಕ್‌ಜೆಟ್ ಮುದ್ರಕವನ್ನು ಬಿಚ್ಚಬೇಕು. ಅದರಲ್ಲಿ ಕಾಗದವನ್ನು ಎಳೆಯುವ ಉರುಳೆಯ ತುದಿಗೆ ಪಾರದರ್ಶಕವಾದ ಬಿಲ್ಲೆಯೊಂದನ್ನು ಅಂಟಿಸಿರುವುದುಂಟು. ಬರಿಗಣ್ಣಿಗೆ ಅದರ ಅಂಚು ಬೂದು ಬಣ್ಣದ ಪಟ್ಟಿಯಂತೆ ತೋರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ನೂರಾರು ಗೆರೆಗಳ ಸಾಲು. ಮಸಿಯ ಡಬ್ಬಿ ಓಡಾಡುವ ದಾರಿಯುದ್ದಕ್ಕೂ ಬಿಗಿದಿರುವ ಪಾರದರ್ಶಕ ಪಟ್ಟಿಯೂ ಇದೇ ಜಾತಿಯದು. ಅನೇಕ ಮುದ್ರಕಗಳಲ್ಲಿ ಅದರ ಮೇಲೆ ಇಂಚಿಗೆ 150 ಗೆರೆಗಳಿರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಲ್ಲೆಯನ್ನು ಮಾತ್ರ ಕಿತ್ತುಕೊಂಡು ಅದನ್ನು ಓದುವ ಕಣ್ಣನ್ನು ಗುಜರಿಯವನಿಗೇ ಬಿಟ್ಟು ಬಂದರೆ ಶ್ರಮವೆಲ್ಲ ವ್ಯರ್ಥ. ಕಣ್ಣಿನೊಳಗಿನ ಅಂತರಗಳು ಆ ಬಿಲ್ಲೆಯ ಗೆರೆಗಳಿಗೆಂದೇ ಹೊಂದಿಸಿದಂಥವು. ಬೇರೆ ಬಿಲ್ಲೆಯೊಡನೆ ಅವು ಹೊಂದುವುದು ಅಪರೂಪ. ಮೌಸಿನಲ್ಲಿಯೂ ಬಿಲ್ಲೆ, ದೀಪ, ಕಣ್ಣು ಮೂರನ್ನೂ ಅವುಗಳ ಪ್ಲಾಸ್ಟಿಕ್ ಆಧಾರದ ಸಮೇತ ಕತ್ತರಿಸಿಕೊಳ್ಳುವುದೇ ಜಾಣತನ. ಮುದ್ರಕದ ಬಿಲ್ಲೆಯ ಅಂಚನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಗೆರೆಗಳನ್ನು ಮುಚ್ಚುತ್ತದೆ. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ತೆಗೆದ ಮೇಲೂ ಮುದ್ರಕದ ವಿದ್ಯುತ್ ವಿಭಾಗದ ಕೆಪಾಸಿಟರುಗಳಲ್ಲಿ ಆಘಾತಕಾರಿಯಾದ ಶಕ್ತಿ ಉಳಿದಿರಬಹುದಾದ್ದರಿಂದ ಮಕ್ಕಳು ಆ ಭಾಗಕ್ಕೆ ಕೈ ಹಾಕದಂತೆ ಹಿರಿಯರು ನೋಡಿಕೊಳ್ಳಬೇಕು.

ಮನೆಯಲ್ಲಿಯೇ ಮಾಡುವ ಬಗೆ

ಸಿಕ್ಕಿದ ಬಿಲ್ಲೆ ಬೇಕಾದ ಅಳತೆಯದಾಗಿರುವುದೆಂಬ ಭರವಸೆಯಿಲ್ಲ. ಆಗ ತಾವೇ ಒಂದನ್ನು ಮಾಡಿಕೊಳ್ಳುವುದು ಉಳಿದ ದಾರಿ. ಕಂಪ್ಯೂಟರಿನಲ್ಲಿ ಚಿತ್ರವನ್ನು ಬರೆದು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ಕತ್ತರಿಸಿಕೊಂಡರಾಯಿತು. ಕೆಲಸ ಸುಲಭವೆಂದು ತೋರಿದರೂ ಹಾದಿಯಲ್ಲಿ ಕೆಲವು ಗುಂಡಿಗಳಿವೆ.

ಮೊದಲನೆಯದು ಮಸಿ. ಅನೇಕ ಇಂಕ್‌ಜೆಟ್ ಮಸಿಗಳು ನಮ್ಮ ಕಣ್ಣಿಗೆ ಕಡುಗಪ್ಪಾದರೂ ಅವಗೆಂಪು ಬೆಳಕಿಗೆ ಗಾಜಿನಂತೆ ಪಾರದರ್ಶಕ. ಎಷ್ಟೇ ಅಂದವಾಗಿ ಗೆರೆ ಬರೆದರೂ ಕಣ್ಣಿಗೆ ಅವು ಇಲ್ಲದಂತೆಯೇ ಸರಿ. ಲೇಸರ್ ಮುದ್ರಕದ ಕಪ್ಪು ಪುಡಿಯಲ್ಲಿ ಸಾಮಾನ್ಯವಾಗಿ ಕಾಡಿಗೆಯಂಥ ಇಂಗಾಲವಿರುವುದರಿಂದ ಅದು ಈ ಬೆಳಕನ್ನು ತಡೆಯುತ್ತದೆ. ಆದುದರಿಂದ ಲೇಸರ್ ಮುದ್ರಣವೇ ಲೇಸು. ಇನ್ನೂ ದಟ್ಟವಾದ ಕಪ್ಪು ಬೇಕಾದವರು ಸ್ಕ್ರೀನ್ ಪ್ರಿಂಟಿಂಗಿನವರಿಗೆ ಫಿಲ್ಮ್ ತಯಾರಿಸಿಕೊಡುವ ಅಂಗಡಿಗಳಲ್ಲಿ ವಿಚಾರಿಸಬಹುದು.

ಎರಡನೆಯದು ಆಸೆ. ಇಂಚಿಗೆ 600 ಚುಕ್ಕೆಗಳನ್ನಿಡುವ ಮುದ್ರಕದಲ್ಲಿ ಒಂದು ಚುಕ್ಕೆಯ ಅಳತೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ. ಇಪ್ಪತ್ತು ಮಿಲಿಮೀಟರು ತ್ರಿಜ್ಯದ ವೃತ್ತದಲ್ಲಿ 100 ಗೆರೆಗಳನ್ನು ಬರೆದರೆ ಗೆರೆ ಮತ್ತು ಖಾಲಿ ಜಾಗ ಸೇರಿ ಸುಮಾರು 30 ಚುಕ್ಕೆಗಳಷ್ಟು ಎಡೆ ದೊರೆಯುತ್ತದೆ. ಅಂಚುಗಳು ಶುದ್ಧವಾಗಿ ಮೂಡುತ್ತವೆ. ಗೆರೆಗಳನ್ನು 360ಕ್ಕೆ ಏರಿಸಿದರೆ ಎಂಟೇ ಚುಕ್ಕೆಗಳು. 1000ಕ್ಕೆ ಏರಿಸಿದರೆ ಮೂರು. ಮೂರು ಚುಕ್ಕೆಗಳಲ್ಲಿ ಗೆರೆಯೂ ಖಾಲಿಯೂ ಮೂಡಬೇಕೆಂದರೆ ಬರುವುದು ಬರಿಯ ಬೂದು ಬಣ್ಣ.

ಮೂರನೆಯದು ಕಣ್ಣಿನ ಅಗಲ. ಗೆರೆಗಳು ಸಣ್ಣವಾಗಿ ಕಣ್ಣು ದೊಡ್ಡದಾಗಿದ್ದರೆ ಅದು ಏಕಕಾಲದಲ್ಲಿ ಹಲವು ಗೆರೆಗಳನ್ನು ನೋಡಿ ಕತ್ತಲೆಗೂ ಬೆಳಕಿಗೂ ಭೇದ ಕಾಣದೆ ಹೋಗುತ್ತದೆ. ಅದೇ ಹಾಳೆಯಿಂದ ಅದೇ ಅಂತರದ ಗೆರೆಗಳುಳ್ಳ ಸಣ್ಣ ತುಂಡೊಂದನ್ನು ಕತ್ತರಿಸಿ ಕಣ್ಣಿನ ಮುಂದೆ ಜಾಲರಿಯಂತೆ ಅಂಟಿಸಿದರೆ ಈ ತೊಡಕು ಪರಿಹಾರವಾಗುತ್ತದೆ. ದೀಪ ಉರಿಯುತ್ತಿದೆಯೇ ಎಂಬುದನ್ನು ತಿಳಿಯಲು ಮೊಬೈಲ್ ಫೋನಿನ ಕ್ಯಾಮೆರಾ ನೆರವಾಗುತ್ತದೆ; ಅನೇಕ ಫೋನುಗಳಲ್ಲಿ ಆ ಬೆಳಕು ನಸುನೇರಳೆಯಾಗಿ ಕಾಣುತ್ತದೆ. ಬಿಸಿಲೂ ಕಣ್ಣನ್ನು ವಂಚಿಸುವುದರಿಂದ ಸಲಕರಣೆಯನ್ನು ಕಪ್ಪು ಹೊದಿಕೆಯಿಂದ ಮುಚ್ಚಬೇಕು.

ನಡುವಿನ ರಂಧ್ರ

ಇಷ್ಟೆಲ್ಲ ಮಾಡಿದ ಮೇಲೂ ಲೆಕ್ಕ ತಪ್ಪುವುದುಂಟು. ಅಪರಾಧಿ ಗೆರೆಗಳಲ್ಲ, ಬಿಲ್ಲೆಯ ನಟ್ಟನಡುವಿನ ರಂಧ್ರ. ಇಪ್ಪತ್ತು ಮಿಲಿಮೀಟರು ತ್ರಿಜ್ಯದ ಬಿಲ್ಲೆಯ ಕೇಂದ್ರ ಅಚ್ಚಿನ ಕೇಂದ್ರದಿಂದ ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗ ಸರಿದರೂ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪು ನುಸುಳುತ್ತದೆ. ಮುನ್ನೂರರುವತ್ತು ಗೆರೆಗಳ ಬಿಲ್ಲೆಯಲ್ಲಿ ಒಂದು ಎಣಿಕೆಯ ಬೆಲೆ ಕಾಲು ಡಿಗ್ರಿ. ಅಂದ ಮೇಲೆ ಆ ಒಂದು ಓರೆಯೇ ಎರಡು ಎಣಿಕೆಗಳನ್ನು ನುಂಗಿಬಿಡುತ್ತದೆ. ಗೆರೆಗಳನ್ನು ಇಮ್ಮಡಿ ಮಾಡಿದರೆ ತಪ್ಪು ಅರ್ಧವಾಗದು. ತಪ್ಪನ್ನು ಇನ್ನಷ್ಟು ಸೂಕ್ಷ್ಮವಾಗಿ ಎಣಿಸಿದಂತಾಗುತ್ತದೆ, ಅಷ್ಟೆ.

ಈ ತೊಡಕು ಹೊಸತಲ್ಲ. ವೃತ್ತವನ್ನು ಸಮಭಾಗ ಮಾಡುವ ವಿದ್ಯೆ ಹಿಂದೆ ಕೆಲವೇ ಕುಶಲಿಗಳ ಕೈಯಲ್ಲಿತ್ತು. ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ 2160 ಹಲ್ಲುಗಳ ಚಕ್ರವುಳ್ಳ ವಿಭಾಜಕ ಯಂತ್ರವನ್ನು ನಿರ್ಮಿಸಿದನು. ತಿರುಪನ್ನು ಆರು ಸುತ್ತು ತಿರುಗಿಸಿದರೆ ಚಕ್ರ ಸರಿಯಾಗಿ ಒಂದು ಡಿಗ್ರಿ ಸರಿಯುತ್ತಿತ್ತು. ಅದರ ವಿವರಣೆ 1777ರಲ್ಲಿ ಪ್ರಕಟವಾಯಿತು. ಅವನು ಬಹುಕಾಲ ಶ್ರಮಿಸಿ ಸಾಧಿಸಿದ ವಿಭಜನೆಯನ್ನು ಇಂದು ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡುತ್ತದೆ. ಆದರೆ ಕೇಂದ್ರವನ್ನು ಕೂಡಿಸುವ ಕೆಲಸ ಮಾತ್ರ ಇಂದಿಗೂ ಮನುಷ್ಯನ ಕೈಗೇ ಉಳಿದಿದೆ.

ವೃತ್ತ ಗುಂಡಾಗಿರುವುದೂ ಅಷ್ಟೇ ಮುಖ್ಯ. ಬೆಂಗಳೂರಿನ ಬಳಿ 1800ರಲ್ಲಿ ಆಧಾರರೇಖೆಯೊಂದನ್ನು ಅಳೆದ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ನನಿಗೆ ಇದರ ಕಹಿ ಅನುಭವವಾಯಿತು. ಕೋನಗಳನ್ನು ಅಳೆಯಲು ಅವನು ಬಳಸುತ್ತಿದ್ದ ಥಿಯೊಡೊಲೈಟಿನ ತೂಕ ಸುಮಾರು ಅರ್ಧ ಟನ್ನು. ಅದರ ಗೆರೆಚಕ್ರದ ವ್ಯಾಸ 36 ಇಂಚು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಅಪ್ಪಳಿಸಿತು, ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಹಲಗೆಯ ಮೇಲೆ ಸರಿಯಾದ ವೃತ್ತವನ್ನು ಕೊರೆದು, ಬೆಣೆ ತಿರುಪುಗಳಿಂದ ಚಕ್ರವನ್ನು ಇಷ್ಟಿಷ್ಟೇ ಎಳೆದು, ಆರು ವಾರಗಳಲ್ಲಿ ಅದನ್ನು ಬಹುಮಟ್ಟಿಗೆ ಮೊದಲಿನ ರೂಪಕ್ಕೆ ತಂದನು. ಮನೆಯ ಮುದ್ರಕವೂ ಕಾಗದ ಸಾಗುವ ದಿಕ್ಕಿನಲ್ಲಿ ಕೊಂಚ ಹಿಗ್ಗಿಸಿ ಅಥವಾ ಕುಗ್ಗಿಸಿ ವೃತ್ತವನ್ನು ಅಂಡಾಕಾರ ಮಾಡುವುದುಂಟು. ಮೊದಲು 100 ಮಿಲಿಮೀಟರಿನ ಚೌಕವನ್ನು ಮುದ್ರಿಸಿ ಎರಡು ಬದಿಗಳನ್ನೂ ಅಳೆದು ನೋಡಿದರೆ ದೋಷ ತಿಳಿಯುತ್ತದೆ. ಅದನ್ನು ಚಿತ್ರದಲ್ಲಿಯೇ ಸರಿಪಡಿಸಿಕೊಳ್ಳಬಹುದು. ಆರು ವಾರಗಳೇನೂ ಬೇಕಾಗಿಲ್ಲ.

ಕೇಂದ್ರವನ್ನು ಕೂಡಿಸಲು ಸುಲಭವಾದ ಉಪಾಯವಿದೆ. ಬಿಲ್ಲೆಯ ಚಿತ್ರದಲ್ಲಿ ಗೆರೆಗಳ ಹೊರಗೆ ಒಂದು ತೆಳುವಾದ ವೃತ್ತವನ್ನೂ ಬರೆದಿರಬೇಕು. ರಂಧ್ರವನ್ನು ಅಚ್ಚಿಗಿಂತ ಕೊಂಚ ದೊಡ್ಡದಾಗಿ ಕೊರೆದು, ನಿಧಾನವಾಗಿ ಒಣಗುವ ಅಂಟಿನಿಂದ ಬಿಲ್ಲೆಯನ್ನು ಕೂರಿಸಬೇಕು. ಹೊಲಿಗೆಯ ಸೂಜಿಯೊಂದನ್ನು ಆ ವೃತ್ತದ ಮೇಲೆ ಅಲುಗದಂತೆ ನಿಲ್ಲಿಸಿ ಅಚ್ಚನ್ನು ಮೆಲ್ಲಗೆ ತಿರುಗಿಸಬೇಕು. ವೃತ್ತ ಸೂಜಿಯ ಮೊನೆಯಿಂದ ಆಚೀಚೆ ಸರಿದರೆ ಬಿಲ್ಲೆಯನ್ನು ಕೂದಲೆಳೆಯಷ್ಟು ತಳ್ಳಿ ಮತ್ತೆ ತಿರುಗಿಸಬೇಕು. ಮೊನೆ ವೃತ್ತವನ್ನು ಬಿಡದೆ ಒಂದು ಸುತ್ತು ಪೂರೈಸಿದಾಗ ಅಂಟು ಒಣಗಲು ಬಿಡಬೇಕು.

ಜಾಗವಿದ್ದರೆ ಬಿಲ್ಲೆಯನ್ನು ದೊಡ್ಡದು ಮಾಡುವುದೂ ಒಳ್ಳೆಯದೇ. ಹಾಡು ನಿಂತುಹೋದ ಹಳೆಯ ಸಿ.ಡಿ.ಯ ಮೇಲೆ ಕಪ್ಪುಬಿಳುಪು ಗೆರೆಗಳ ಕಾಗದವನ್ನು ಅಂಟಿಸಿ, ಪ್ರತಿಫಲಿಸಿದ ಬೆಳಕನ್ನು ಓದುವ ಕಣ್ಣನ್ನು ಬಳಸಬಹುದು. ಅಲ್ಲಿ ಗೆರೆಗಳು ಸುಮಾರು 55 ಮಿಲಿಮೀಟರು ದೂರದಲ್ಲಿರುವುದರಿಂದ ಅದೇ ಓರೆಯಿಂದಾಗುವ ತಪ್ಪು ಡಿಗ್ರಿಯ ಐದನೆಯ ಒಂದಂಶಕ್ಕೆ ಇಳಿಯುತ್ತದೆ. ಇನ್ನೂ ನಿಷ್ಠುರವಾದ ಲೆಕ್ಕ ಬೇಕಾದವರು ಬಿಲ್ಲೆಯ ಎದುರುಬದುರಿನಲ್ಲಿ ಎರಡು ಜೊತೆ ಕಣ್ಣುಗಳನ್ನಿಟ್ಟು ಸರಾಸರಿ ತೆಗೆಯುತ್ತಾರೆ. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿ ಕೇಂದ್ರದ ಓರೆ ಅಳಿಸಿಹೋಗುತ್ತದೆ. ದೊಡ್ಡ ಥಿಯೊಡೊಲೈಟುಗಳನ್ನು ಓದುತ್ತಿದ್ದ ಕ್ರಮವೂ ಇದೇ. ಅಂಡಾಕಾರದ ದೋಷಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ನೂರು ಗೆರೆಗಳಿಂದ ಆರಂಭಿಸುವುದು ಕ್ಷೇಮ. ಮೋಟಾರನ್ನು ಒಂದೇ ವೇಗದಲ್ಲಿ ಓಡಿಸಿ ಮಿನುಗಿನಿಂದ ಮಿನುಗಿಗೆ ಹಿಡಿಯುವ ಕಾಲವನ್ನು ಬರೆದುಕೊಳ್ಳಬೇಕು. ಆ ಕಾಲ ಸುತ್ತಿಗೊಮ್ಮೆ ಹಿಗ್ಗಿ ಕುಗ್ಗಿದರೆ ಕೇಂದ್ರ ಸರಿದಿದೆಯೆಂದೂ, ಸುತ್ತಿಗೆರಡು ಸಲ ಹಾಗಾದರೆ ವೃತ್ತ ಅಂಡಾಕಾರವಾಗಿದೆಯೆಂದೂ ತಿಳಿಯಬೇಕು. ಎರಡೂ ನೆಟ್ಟಗಾದ ಮೇಲೆ ಗೆರೆಗಳನ್ನು ಹೆಚ್ಚಿಸಿದರೆ ಪಟ್ಟ ಶ್ರಮಕ್ಕೆ ಫಲವುಂಟು.